ಏಣಿಯಿಲ್ಲದ ಊರಿನ ಫುಟ್‌ಬಾಲ್

2020ರ ಸೆಪ್ಟೆಂಬರ್ 30ರ ರಾತ್ರಿ ಸ್ಯಾನ್ ಡಿಯಾಗೊ ಲಾಯಲ್ ಎಂಬ ತಂಡ ಗೆಲ್ಲುತ್ತಿದ್ದ ಪಂದ್ಯವನ್ನು ಅರ್ಧಕ್ಕೆ ಬಿಟ್ಟು ಮೈದಾನದಿಂದ ಹೊರನಡೆಯಿತು. ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದ ಟೊರೆರೊ ಕ್ರೀಡಾಂಗಣದಲ್ಲಿ ಅಂದು ಕೊರೋನಾದಿಂದಾಗಿ ಪ್ರೇಕ್ಷಕರಿರಲಿಲ್ಲ. ಎದುರಾಳಿ ಫೀನಿಕ್ಸ್ ರೈಸಿಂಗ್. ವಿರಾಮದ ಹೊತ್ತಿಗೆ ಲಾಯಲ್ 3–1ರಿಂದ ಮುಂದಿತ್ತು. ಪ್ಲೇ ಆಫ್ ಆಸೆ ಉಳಿಯಬೇಕಾದರೆ ಗೆಲ್ಲಲೇಬೇಕಿದ್ದ ಪಂದ್ಯ ಅದು. ತಾನು ಸಲಿಂಗಿ ಎಂದು 2018ರಲ್ಲೇ ಬಹಿರಂಗವಾಗಿ ಹೇಳಿಕೊಂಡಿದ್ದ ಕಾಲಿನ್ ಮಾರ್ಟಿನ್ ಎಂಬ ಲಾಯಲ್ ಮಿಡ್‌ಫೀಲ್ಡರ್‌ನನ್ನು ಎದುರಾಳಿ ಆಟಗಾರನೊಬ್ಬ ಹೀನವಾದ ಮಾತಿನಿಂದ ನಿಂದಿಸಿದ್ದ. ಬೈದವನನ್ನು ಆಚೆ ಕಳಿಸದಿದ್ದರೆ ತಮ್ಮವರು ಆಡುವುದಿಲ್ಲ ಎಂದು ಕೋಚ್ ಲ್ಯಾಂಡನ್ ಡಾನವನ್ ಹೇಳಿದರು. ಅವನು ಆಚೆ ಹೋಗಲಿಲ್ಲ. ಎರಡನೇ ಅವಧಿಯ ಸೀಟಿ ಊದಿದ ಕೂಡಲೇ ಲಾಯಲ್ ಆಟಗಾರರು ಮೊಣಕಾಲೂರಿದರು, ಎದ್ದರು, ನಡೆದೇಬಿಟ್ಟರು. ಪಂದ್ಯ ಹೋಯಿತು, ಸೀಸನ್ನೂ ಹೋಯಿತು. ಬೈದವನಿಗೆ ಲೀಗ್ ಆಮೇಲೆ ಆರು ಪಂದ್ಯಗಳ ನಿಷೇಧ ವಿಧಿಸಿತು.

ಅದಕ್ಕೆ ಒಂದು ವಾರ ಮೊದಲು, ಎಲ್ಎ ಗ್ಯಾಲಕ್ಸಿಯ ಎರಡನೇ ತಂಡದ ವಿರುದ್ಧ ಆಡುವಾಗ, ಇದೇ ಲಾಯಲ್‌ನ ಎಲೈಜಾ ಮಾರ್ಟಿನ್ ಎಂಬ ಕಪ್ಪು ವರ್ಣದ ಆಟಗಾರನಿಗೆ ಜನಾಂಗೀಯ ನಿಂದನೆಯಾಗಿತ್ತು. ವಿಷಯ ಪೂರ್ತಿ ಗೊತ್ತಾದದ್ದು ಆಟ ಮುಗಿದ ಮೇಲೆ. 1–1ರ ಡ್ರಾದಿಂದ ಸಿಕ್ಕ ಅಂಕವನ್ನೂ ಲಾಯಲ್ ಬಿಟ್ಟುಕೊಟ್ಟಿತು. ಇನ್ನೊಮ್ಮೆ ಹೀಗಾದರೆ ಸುಮ್ಮನಿರುವುದಿಲ್ಲ ಎಂದು ಅವರು ನಿರ್ಧರಿಸಿಕೊಂಡಿದ್ದರು. ಆ ನಿರ್ಧಾರಕ್ಕೆ ಪರೀಕ್ಷೆ ಅಷ್ಟು ಬೇಗ ಬಂತು, ಅವರು ಹಿಂಜರಿಯಲಿಲ್ಲ.

ಇಂಥ ತಂಡ ಇಂದು ಇಲ್ಲ. ಸೋತು ಸೋತು ಸತ್ತದ್ದಲ್ಲ, ಜನ ಬಾರದೆ ಮುಚ್ಚಿದ್ದೂ ಅಲ್ಲ. ನಾಲ್ಕು ಸೀಸನ್ ಆಡಿ, ಊರಿಗೆ ಫುಟ್‌ಬಾಲ್ ರೂಢಿ ಮಾಡಿಸಿ, ದೊಡ್ಡ ತಂಡವೊಂದು ಬರುತ್ತದೆ ಎಂದಾಗ ಜಾಗ ಖಾಲಿ ಮಾಡಿತು. ಸ್ಯಾನ್ ಡಿಯಾಗೊದ ಫುಟ್‌ಬಾಲ್ ಕಥೆ ಬಹುಮಟ್ಟಿಗೆ ಹೀಗೆ ಜಾಗ ಖಾಲಿ ಮಾಡಿದವರ ಕಥೆಯೇ.

ಊರಿನ ಉತ್ತರದ ತುದಿಯಲ್ಲಿ, ಸಮುದ್ರಕ್ಕೆ ಕಡಿದಾಗಿ ಇಳಿಯುವ ಬಂಡೆಗಳ ಮೇಲೆ ಟೊರ್ರಿ ಪೈನ್ಸ್ ಇದೆ. ಆ ಹೆಸರಿನ ಪೈನ್ ಮರ ಸಹಜವಾಗಿ ಬೆಳೆಯುವುದು ಇಲ್ಲಿ ಮತ್ತು ಸಾಂಟಾ ರೋಸಾ ದ್ವೀಪದಲ್ಲಿ ಮಾತ್ರ. ಸಾಲ್ಕ್ ಸಂಸ್ಥೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಜೈವಿಕ ತಂತ್ರಜ್ಞಾನದ ಕಂಪನಿಗಳು ಎಲ್ಲವೂ ಇದರ ಆಸುಪಾಸಿನಲ್ಲೇ. ಹೊರಗಿನವರಿಗೆ ಟೊರ್ರಿ ಪೈನ್ಸ್ ಎಂದರೆ ಗಾಲ್ಫ್. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ, ನಮ್ಮ ಕನ್ನಡದ ಮನೆಗಳಿಗೂ, ಶನಿವಾರ ಬೆಳಗಾದರೆ ಸಾಕರ್. ಸ್ವಲ್ಪ ಉತ್ತರಕ್ಕೆ, ಡೆಲ್ ಮಾರ್ ಬಳಿಯ ಹಳೆಯ ಪೋಲೊ ಮೈದಾನಗಳಲ್ಲಿ 1981ರಲ್ಲಿ ಶುರುವಾದ ಸರ್ಫ್ ಕಪ್ ಎಂಬ ಮಕ್ಕಳ ಟೂರ್ನಿ ನಡೆಯುತ್ತದೆ. ದೇಶದ ಮೂಲೆ ಮೂಲೆಗಳಿಂದ ತಂಡಗಳು ಬರುತ್ತವೆ. ಟೊರ್ರಿ ಪೈನ್ಸ್ ಹೈಸ್ಕೂಲಿನಲ್ಲಿ ಓದಿದ ರೇಚಲ್ ಬ್ಯೂಲರ್ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಕ್ಷಣಾ ಸಾಲಿನಲ್ಲಿ ನಿಂತು ಎರಡು ಚಿನ್ನ ಗೆದ್ದರು, ಆಮೇಲೆ ಡಾಕ್ಟರಾದರು. ಮಕ್ಕಳ ಆಟಕ್ಕೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ದುಡ್ಡಿರುವವರ ಮಕ್ಕಳಿಗೆ ಎಂದು ಸೇರಿಸಬೇಕು. ಒಳ್ಳೆಯ ಕ್ಲಬ್ಬಿನಲ್ಲಿ ಆಡಿಸಲು ಇಲ್ಲಿ ಅಪ್ಪ ಅಮ್ಮ ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟುತ್ತಾರೆ. ಆ ಮಕ್ಕಳು ದೊಡ್ಡವರಾದ ಮೇಲೆ ಊರಿನ ಹೆಸರಲ್ಲಿ ಆಡಲು ಒಂದು ತಂಡ ಬೇಕಲ್ಲ, ಬರವಿದ್ದದ್ದು ಅದಕ್ಕೆ.

ತಂಡಗಳು ಬರಲಿಲ್ಲವೆಂದಲ್ಲ. 1968ರಲ್ಲಿ ಸ್ಯಾನ್ ಡಿಯಾಗೊ ಟೋರೋಸ್ ಉತ್ತರ ಅಮೆರಿಕದ ಲೀಗ್‌ನ ಫೈನಲ್ ತನಕ ಹೋಗಿ ಅಟ್ಲಾಂಟಾಕ್ಕೆ ಸೋತಿತು. ಮರುವರ್ಷ ತಂಡವೇ ಇರಲಿಲ್ಲ. 1976ರಲ್ಲಿ ಬಾಲ್ಟಿಮೋರ್‌ನಿಂದ ಒಂದು ತಂಡ ಬಂದು ಜಾಸ್ ಎಂಬ ಹೆಸರಲ್ಲಿ ಒಂದು ವರ್ಷ ಆಡಿತು, ಲಾಸ್ ವೇಗಸ್‌ಗೆ ಹೋಯಿತು, 1978ರಲ್ಲಿ ಸಾಕರ್ಸ್ ಎಂಬ ಹೆಸರು ಹೊತ್ತು ವಾಪಸು ಬಂತು. ಈ ಸಾಕರ್ಸ್ ಮಾತ್ರ ಊರಿನ ಮನಸ್ಸಿನಲ್ಲಿ ಕೂತಿತು. ರಾನ್ ನ್ಯೂಮನ್ ಅದರ ಕೋಚ್. ಪೋಲೆಂಡಿನ ನಾಯಕನಾಗಿದ್ದ ಕಾಜಿಮಿಯೆಜ್ ಡೇನಾ ಇಲ್ಲಿಗೆ ಬಂದು ಆಡಿದರು. 1989ರ ಸೆಪ್ಟೆಂಬರ್ 1ರಂದು ಇದೇ ಊರಿನ ಹೆದ್ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡರು. 1984ರ ಸೀಸನ್ ಮುಗಿದ ಮೇಲೆ ಬಯಲಿನಲ್ಲಿ ಆಡುವ ಆ ಉತ್ತರ ಅಮೆರಿಕದ ಲೀಗ್ ಕುಸಿದಾಗ ಸಾಕರ್ಸ್ ಬದುಕಿದ್ದು ಸೂರಿನಡಿಯ ಒಳಾಂಗಣ ಆಟದಿಂದ. 1982ರಿಂದ 1992ರ ನಡುವೆ ಅವರು ಹತ್ತು ಒಳಾಂಗಣ ಪ್ರಶಸ್ತಿ ಗೆದ್ದರು. ಆಮೇಲೆ ಮಹಿಳೆಯರ ಸರದಿ: 2001ರಲ್ಲಿ ಜೂಲಿ ಫೌಡಿ, ಶ್ಯಾನನ್ ಮ್ಯಾಕ್‌ಮಿಲನ್ ಅವರಂಥ ವಿಶ್ವಕಪ್ ವಿಜೇತೆಯರ ಸ್ಪಿರಿಟ್ ತಂಡ ಟೊರೆರೊದಲ್ಲಿ ಆಡತೊಡಗಿತು. 2003ರಲ್ಲಿ ಲೀಗ್ ನಿಂತಿತು, ಸ್ಪಿರಿಟ್ ಕೂಡ.

ಮೇಲಿನ ಲೀಗ್ ನಿಂತರೆ ತಂಡ ಕೆಳಗಿನ ಲೀಗ್‌ಗೆ ಇಳಿದು ಆಡುತ್ತಿರಬಹುದಿತ್ತು ಎಂದು ನಮಗೆ ಅನಿಸುವುದು ಸಹಜ. ಇಲ್ಲಿ ಹಾಗೆ ಇಳಿಯಲು ಮೆಟ್ಟಿಲಿಲ್ಲ, ಹತ್ತಲೂ ಇಲ್ಲ. ಬೇರೆಡೆಗಳಲ್ಲಿ ಗೆದ್ದ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ, ಸೋತದ್ದಕ್ಕೆ ಹಿಂಬಡ್ತಿ. ಅಮೆರಿಕದಲ್ಲಿ ಮೇಲಿನ ದರ್ಜೆಯ ಸ್ಥಾನ ಕೊಂಡುಕೊಳ್ಳುವ ವಸ್ತು.

ಆಸ್ಟ್ರೇಲಿಯಾದ ಉದಾಹರಣೆ ಇಲ್ಲಿ ಬೇಕೇ ಬೇಕು. ಅಲ್ಲಿ ಗ್ರೀಕರು, ಕ್ರೊಯೇಷಿಯನ್ನರು, ಇಟಲಿಯವರು ಕಟ್ಟಿಕೊಂಡ ವಲಸಿಗರ ಕ್ಲಬ್ಬುಗಳೇ ರಾಷ್ಟ್ರೀಯ ಲೀಗ್‌ನ ಬೆನ್ನೆಲುಬಾಗಿದ್ದವು. 2005ರಲ್ಲಿ ಎ-ಲೀಗ್ ಎಂಬ ಮುಚ್ಚಿದ ಲೀಗ್ ಶುರುವಾದಾಗ ಅವೆಲ್ಲ ರಾಜ್ಯ ಲೀಗ್‌ಗಳಿಗೆ ಸರಿದವು. ಆಂಜ್ ಪೋಸ್ಟೆಕೊಗ್ಲು ಆಡಿ, ತರಬೇತಿ ಕೊಟ್ಟು, ನಾಲ್ಕು ಬಾರಿ ದೇಶದ ಚಾಂಪಿಯನ್ ಆದ ಸೌತ್ ಮೆಲ್ಬರ್ನ್ ಕೂಡ ಹಗಲು ಕೆಲಸ, ಸಂಜೆ ಅಭ್ಯಾಸ ಎನ್ನುವ ಅರೆವೃತ್ತಿಪರ ಲೀಗ್‌ಗೆ ಬಂದು ನಿಂತಿತು. ಆದರೆ ಆ ಕ್ಲಬ್ಬುಗಳು ಸಾಯಲಿಲ್ಲ. ರಾಜ್ಯದೊಳಗೆ ಹತ್ತುವ ಇಳಿಯುವ ದರ್ಜೆಗಳಿದ್ದವು, ಪ್ರತಿ ವಾರ ಎದುರಾಗಲು ಹಳೆಯ ವೈರಿಗಳಿದ್ದರು. 2014ರಲ್ಲಿ ಎಲ್ಲ ದರ್ಜೆಯವರೂ ಸೇರುವ ಕಪ್ ಬಂತು. 2022ರಲ್ಲಿ ಸಿಡ್ನಿ ಯುನೈಟೆಡ್ 58 ಎಂಬ ರಾಜ್ಯ ಲೀಗ್ ತಂಡ ಅದರ ಫೈನಲ್‌ನಲ್ಲಿ ಆಡಿತು. 2025ರ ಅಕ್ಟೋಬರ್‌ನಲ್ಲಿ ಇಂಥ 16 ತಂಡಗಳಿಗೆ ದೇಶಮಟ್ಟದ ಚಾಂಪಿಯನ್‌ಶಿಪ್ ಕೂಡ ಶುರುವಾಯಿತು. ಇಪ್ಪತ್ತು ವರ್ಷ ಕಾಯುವ ತಾಳ್ಮೆ ಅವಕ್ಕೆ ಬಂದದ್ದು, ಕಾಯುವಾಗಲೂ ಆಡಲು ಒಂದು ಲೀಗ್ ಇದ್ದದ್ದರಿಂದ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೂ ಒಂದು ಕಾಲಕ್ಕೆ ಇಂಥ ಕ್ಲಬ್ಬುಗಳಿದ್ದವು. ಲಾಸ್ ಏಂಜಲೀಸ್‌ನಲ್ಲಿ ಜರ್ಮನ್ ವಲಸಿಗರ ಕಿಕರ್ಸ್ ಕ್ಲಬ್ 1958 ಮತ್ತು 1964ರಲ್ಲಿ ಯುಎಸ್ ಓಪನ್ ಕಪ್ ಗೆದ್ದಿತು. ಯೆಹೂದಿಗಳ ಮಕಾಬಿ 1973ರಿಂದ 1981ರೊಳಗೆ ಐದು ಸಲ ಗೆದ್ದಿತು. ಭಾನುವಾರದ ಲೀಗ್‌ನಲ್ಲಿ ಆಡುತ್ತಿದ್ದವರು ದೇಶದ ಅತ್ಯಂತ ಹಳೆಯ ಕಪ್ ಎತ್ತಿದ್ದು ಸಣ್ಣ ಸಂಗತಿಯಲ್ಲ. ಅದೇ ಹೊತ್ತಿಗೆ ಪೆಲೆಯನ್ನು ಕರೆತಂದ ದೊಡ್ಡ ಲೀಗ್ ಮೇಲೆ ಇತ್ತು. ಎರಡರ ನಡುವೆ ದಾರಿಯಿರಲಿಲ್ಲ. ಇಂದು ಇಲ್ಲಿ ವೃತ್ತಿಪರ ದರ್ಜೆಗಳ ಕೆಳಗಿರುವ ಪ್ರಮುಖ ಲೀಗ್‌ಗಳು ಮೇ ತಿಂಗಳಲ್ಲಿ ಶುರುವಾಗಿ ಬೇಸಿಗೆ ಮುಗಿಯುವ ಮುನ್ನವೇ ಮುಗಿಯುತ್ತವೆ. ಆಡುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಉಳಿಯಬೇಕಾದರೆ ಇಲ್ಲಿ ಸಂಬಳ ತೆಗೆದುಕೊಳ್ಳುವಂತಿಲ್ಲ, ಆಗಸ್ಟ್‌ನಲ್ಲಿ ಕಾಲೇಜಿಗೆ ಮರಳಬೇಕು. ಎರಡೂವರೆ ತಿಂಗಳ ಸೀಸನ್‌ನಲ್ಲಿ ಒಂದು ಕ್ಲಬ್ಬಿಗೆ ಅಭಿಮಾನಿಗಳು ಹುಟ್ಟುವುದು ಕಷ್ಟ.

ಈ ಹಿನ್ನೆಲೆಯಲ್ಲಿ ಲಾಯಲ್ ಹುಟ್ಟಿತು. 2017ರ ಜನವರಿಯಲ್ಲಿ ಚಾರ್ಜರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಐವತ್ತಕ್ಕೂ ಹೆಚ್ಚು ವರ್ಷಗಳ ನಂಟು ಕಡಿದುಕೊಂಡು ಲಾಸ್ ಏಂಜಲೀಸ್‌ಗೆ ಹೊರಟಿತು. ಅದರ ದೊಡ್ಡ ಕ್ರೀಡಾಂಗಣದ ಜಾಗದಲ್ಲಿ ಸಾಕರ್ ಮೈದಾನ ಕಟ್ಟಿ, ದೇಶದ ಮೇಲಿನ ದರ್ಜೆಯಾದ ಮೇಜರ್ ಲೀಗ್‌ನ ತಂಡ ತರುತ್ತೇವೆ ಎಂದು ಒಂದು ಹೂಡಿಕೆದಾರರ ಗುಂಪು ಮುಂದೆ ಬಂತು. ಡಾನವನ್ ಅದರ ಜೊತೆಗಿದ್ದರು. 2018ರ ನವೆಂಬರ್‌ನಲ್ಲಿ ಜನ ಮತ ಹಾಕಿ ಆ ಯೋಜನೆಯನ್ನು ತಿರಸ್ಕರಿಸಿದರು, ಜಾಗವನ್ನು ಸ್ಯಾನ್ ಡಿಯಾಗೊ ರಾಜ್ಯ ವಿಶ್ವವಿದ್ಯಾಲಯಕ್ಕೆ ಕೊಡಲು ಒಪ್ಪಿದರು. ಡಾನವನ್ ಊರು ಬಿಡಲಿಲ್ಲ. 2010ರ ವಿಶ್ವಕಪ್‌ನಲ್ಲಿ ಆಲ್ಜೀರಿಯಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಇಡೀ ದೇಶವನ್ನು ಕುಣಿಸಿದವರು, ಸ್ವತಃ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗ. 2019ರಲ್ಲಿ ಎರಡನೇ ದರ್ಜೆಯ ಯುಎಸ್ಎಲ್ ಲೀಗ್‌ಗೆ ಹೊಸ ತಂಡ ಕಟ್ಟಲು ವಾರನ್ ಸ್ಮಿತ್, ಆಂಡ್ರೂ ವಾಸಿಲಿಯಾಡಿಸ್ ಅವರ ಜೊತೆ ಸೇರಿದರು, ಮೊದಲ ಕೋಚ್ ಕೂಡ ಆದರು.

2020ರ ಮಾರ್ಚ್ 7ರಂದು ಮೊದಲ ಪಂದ್ಯ, ಲಾಸ್ ವೇಗಸ್ ವಿರುದ್ಧ 1–1. ಸುಮಾರು 6,000 ಆಸನಗಳ ಟೊರೆರೊ ತುಂಬಿತ್ತು. ಕೆಲವೇ ದಿನಗಳಲ್ಲಿ ಜಗತ್ತು ಬಾಗಿಲು ಹಾಕಿಕೊಂಡಿತು. ಆದರೂ ‘ದಿ ಲೋಕಲ್ಸ್’, ‘ಚಾವೋಸ್ ದೆ ಲಾಯಲ್’ ಎಂಬ ಅಭಿಮಾನಿ ಗುಂಪುಗಳು ಚದುರಲಿಲ್ಲ. ಗಡಿಯಾಚೆಯ ಟಿಹ್ವಾನಾದ ಶೋಲೋಸ್ ತಂಡವನ್ನು ನೋಡಲು ಹೋಗುತ್ತಿದ್ದ ಸ್ಪ್ಯಾನಿಷ್ ಭಾಷಿಕ ಕುಟುಂಬಗಳಿಗೂ ಈಗ ತಮ್ಮ ಊರಿನ ಹೆಸರಿನಲ್ಲೊಂದು ತಂಡವಿತ್ತು. ಆ ಶೋಲೋಸ್ ಕಥೆಯೇ ಬೇರೆ: 2007ರಲ್ಲಿ ಹುಟ್ಟಿ, ಎರಡನೇ ದರ್ಜೆಯಲ್ಲಿ ಗೆದ್ದು, 2011ರಲ್ಲಿ ಬಡ್ತಿ ಪಡೆದು, 2012ರಲ್ಲಿ ಮೆಕ್ಸಿಕೊದ ಚಾಂಪಿಯನ್ ಆಯಿತು. ಗಡಿಯ ಬೇಲಿ ದಾಟಿದರೆ ಸಾಧ್ಯವಿದ್ದದ್ದು ಬೇಲಿಯ ಈಚೆ ಕಡೆ ಸಾಧ್ಯವಿರಲಿಲ್ಲ. ಮೆಕ್ಸಿಕೊ ಕೂಡ 2020ರಲ್ಲಿ ಬಡ್ತಿಯ ಪದ್ಧತಿಯನ್ನು ನಿಲ್ಲಿಸಿತು ಎಂಬುದು ನನಗೆ ನೋವಿನ ಸಂಗತಿ.

ಈ ನಡುವೆ ರಾಜ್ಯ ವಿಶ್ವವಿದ್ಯಾಲಯ ತನಗೆ ಸಿಕ್ಕ ಆ ಜಾಗದಲ್ಲಿ 35,000 ಆಸನಗಳ ಸ್ನ್ಯಾಪ್‌ಡ್ರ್ಯಾಗನ್ ಕ್ರೀಡಾಂಗಣ ಕಟ್ಟಿತು. 2022ರಲ್ಲಿ ಟೊರೆರೊದಲ್ಲೇ ಆಟ ಶುರುಮಾಡಿದ್ದ ಮಹಿಳೆಯರ ವೇವ್ ತಂಡ ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋಗಿ 32,000 ಜನರ ಮುಂದೆ ಆಡಿತು. ಅವರ ಲೀಗ್‌ಗೆ ಅದು ಆಗಿನ ದಾಖಲೆ. ಇಷ್ಟು ಜನ ಬರುತ್ತಾರೆ ಎಂದು ಸಾಬೀತಾದ ಮೇಲೆ ದುಡ್ಡಿನವರು ತಡಮಾಡಲಿಲ್ಲ. 2023ರ ಮೇ 18ರಂದು ಈಜಿಪ್ಟ್ ಮೂಲದ ಉದ್ಯಮಿ ಮೊಹಮದ್ ಮನ್ಸೂರ್ ಮತ್ತು ಇಲ್ಲಿನ ಮೂಲನಿವಾಸಿ ಕುಮಿಯಾಯ್ ಜನಾಂಗದ ಸಿಕ್ವಾನ್ ಬುಡಕಟ್ಟಿಗೆ ಮೇಜರ್ ಲೀಗ್‌ನ 30ನೇ ತಂಡ ಸಿಕ್ಕಿತು. ಪ್ರವೇಶ ಶುಲ್ಕ 50 ಕೋಟಿ ಡಾಲರ್ ಎಂದು ವರದಿಯಾಯಿತು, ಆಗಿನ ಲೆಕ್ಕದಲ್ಲಿ 4,000 ಕೋಟಿ ರೂಪಾಯಿಗೂ ಮೇಲೆ. ನೂರಾರು ವರ್ಷ ನೆಲ ಕಳೆದುಕೊಂಡವರು ಅದೇ ನೆಲದ ತಂಡಕ್ಕೆ ಒಡೆಯರಾಗಿ ಬಂದದ್ದು ದೊಡ್ಡ ಮಾತು. ಲಾಯಲ್ ಮಾತ್ರ ಈ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಆಗಸ್ಟ್ 24ರಂದು, ಈ ಸೀಸನ್ ಮುಗಿದರೆ ನಾವೂ ಮುಗಿದೆವು ಎಂದು ಅದು ಪ್ರಕಟಿಸಿತು. ತಂಡಕ್ಕೊಂದು ಕಾಯಂ ಕ್ರೀಡಾಂಗಣ ಹೊಂದಿಸಲಾಗಲಿಲ್ಲ ಎಂಬುದು ಮಾಲೀಕರು ಕೊಟ್ಟ ಕಾರಣ. ಮುಚ್ಚುವ ದಿನ ಗೊತ್ತಿದ್ದೂ ಆಟಗಾರರು ತಂಡವನ್ನು ಪ್ಲೇ ಆಫ್‌ಗೆ ಒಯ್ದರು. ಅಕ್ಟೋಬರ್ 22ರಂದು ಟೊರೆರೊದಲ್ಲಿ ಹೆಚ್ಚುವರಿ ಅವಧಿಯಲ್ಲಿ 3–4ರಿಂದ ಸೋತರು. ಎದುರಾಳಿ ಅದೇ ಫೀನಿಕ್ಸ್. ಆ ವರ್ಷದ ಪ್ರಶಸ್ತಿಯನ್ನೂ ಅವರೇ ಗೆದ್ದರು.

ಇದನ್ನು ಓದುವ ಬೆಂಗಳೂರಿನವರಿಗೆ ಏನೋ ಪರಿಚಿತ ಅನಿಸಿದರೆ ಆಶ್ಚರ್ಯವಿಲ್ಲ. 1937ರಲ್ಲೇ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಫ್ಯಾಕ್ಟರಿ ಕೆಲಸ ಕೊಟ್ಟು ಆಟಗಾರರನ್ನು ಸಾಕಿದ ಐಟಿಐ, ಎಚ್ಎಎಲ್, ಇವೆಲ್ಲ ಆಡಿದ್ದು ನಮ್ಮದೇ ಅರೆವೃತ್ತಿಪರ ಲೀಗ್‌ನಲ್ಲಿ. ಎಚ್ಎಎಲ್ ಆಡಿ ಗೆದ್ದು ದೇಶದ ಆಗಿನ ಮೇಲಿನ ದರ್ಜೆಯಾದ ಐ-ಲೀಗ್ ಹತ್ತಿತ್ತು, 2012ರಲ್ಲಿ ಸೋತು ಇಳಿಯಿತು. ಮರುವರ್ಷ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ನೇರವಾಗಿ ಐ-ಲೀಗ್‌ಗೇ ಬಂತು, ಊರಿನ ಹಳೆಯ ಕ್ಲಬ್ಬುಗಳು ಆಡುತ್ತಿದ್ದ ಅಶೋಕನಗರದ ಮೈದಾನದಲ್ಲೇ ಆಡಿ ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು. ಆ ಗೆಲುವಿನ ಸಂತೋಷ ನಿಜ. ಆದರೆ ಅದರಿಂದ ಊರಿನ ಆ ಅರೆವೃತ್ತಿಪರ ಲೀಗ್, ಸೂಪರ್ ಡಿವಿಷನ್, ನಿಲ್ಲಲಿಲ್ಲ ಎಂಬುದು ನನಗೆ ಅದಕ್ಕಿಂತ ಹೆಚ್ಚು ಮುಖ್ಯ. ಕಾರ್ಖಾನೆಯ ಪಾಳಿ ಮುಗಿಸಿ ಬರುವ ಹುಡುಗನಿಗೆ ಆಡಲು ಇಂದಿಗೂ ಒಂದು ಲೀಗ್ ಇದೆ.

ಮೇಜರ್ ಲೀಗ್‌ನ ಆ ಹೊಸ ತಂಡ, ಸ್ಯಾನ್ ಡಿಯಾಗೊ ಎಫ್‌ಸಿ, 2025ರ ಫೆಬ್ರವರಿ 23ರಂದು ಮೊದಲ ಪಂದ್ಯದಲ್ಲೇ ಹಿಂದಿನ ಚಾಂಪಿಯನ್ ಎಲ್ಎ ಗ್ಯಾಲಕ್ಸಿಯನ್ನು ಅವರ ನೆಲದಲ್ಲಿ 2–0ರಿಂದ ಸೋಲಿಸಿತು. ಎರಡೂ ಗೋಲು ಡೆನ್ಮಾರ್ಕಿನ ಆಂಡರ್ಸ್ ಡ್ರೇಯರ್‌ನವು. ಆ ಸೀಸನ್ನಿನಲ್ಲಿ ತಂಡ 63 ಅಂಕಗಳೊಂದಿಗೆ ಪಶ್ಚಿಮ ವಿಭಾಗದ ಮೊದಲ ಸ್ಥಾನ ಪಡೆಯಿತು. ಹೊಸ ತಂಡವೊಂದು ಲೀಗ್‌ನಲ್ಲಿ ಅಷ್ಟು ಅಂಕ ಗಳಿಸಿದ್ದು ಅದೇ ಮೊದಲು. 1999ರಲ್ಲಿ ಘಾನಾದಲ್ಲಿ ಶುರುವಾದ ರೈಟ್ ಟು ಡ್ರೀಮ್ ಅಕಾಡೆಮಿಯ ಶಾಖೆಯೂ ತಂಡದ ಜೊತೆಗೆ ಬಂದಿದೆ. ಅಲ್ಲಿ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಓದು, ಆಟ ಎಲ್ಲವೂ ಉಚಿತ. ಸಾವಿರಾರು ಡಾಲರ್ ಕಟ್ಟಲಾಗದ ಮನೆಯ ಮಗು ಈ ಊರಿನಲ್ಲಿ ಫುಟ್‌ಬಾಲ್ ಆಟಗಾರನಾಗಲು ದಾರಿ ಸಿಕ್ಕಿತು ಎಂಬುದಕ್ಕೆ ನಾನು ಆ ಕ್ಲಬ್ಬನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಮಾರ್ಚ್ 1ರಂದು ಸ್ನ್ಯಾಪ್‌ಡ್ರ್ಯಾಗನ್‌ನಲ್ಲಿ ನಡೆದ ಮೊದಲ ತವರು ಪಂದ್ಯದಲ್ಲಿ ಪ್ರೇಕ್ಷಕರ ಒಂದು ಭಾಗ ಸಲಿಂಗಿಗಳನ್ನು ಹೀಯಾಳಿಸುವ ಕೂಗು ಹಾಕಿತು. ಕೋಚ್ ಮೈಕಿ ವಾರಾಸ್ ಪಂದ್ಯದ ನಂತರ ಅದನ್ನು ನೇರವಾಗಿ ಖಂಡಿಸಿದರು, ಕ್ಲಬ್ ಕೂಡ. ಅವರು ಹೇಳಬೇಕಾದದ್ದನ್ನೇ ಹೇಳಿದರು. ಅದಕ್ಕೆ ಸುಮಾರು ಐದು ವರ್ಷ ಮೊದಲು, ಕೆಲವೇ ಮೈಲಿ ದೂರದಲ್ಲಿ, ಇದೇ ಕಾರಣಕ್ಕೆ ಒಂದು ತಂಡ ಸೀಸನ್ನನ್ನೇ ಬಿಟ್ಟುಕೊಟ್ಟಿತ್ತು. ಆ ತಂಡ ಇನ್ನೂ ಎರಡನೇ ದರ್ಜೆಯಲ್ಲಿ ಆಡುತ್ತಿದ್ದರೆ ಅದರ ಅಭಿಮಾನಿಗಳ ನೆನಪು ಊರಿನ ನೆನಪಾಗಿ ಬೆಳೆಯುತ್ತಿತ್ತು ಎಂದು ನನ್ನ ನಂಬಿಕೆ.

ಅದೇ 2025ರ ಮಾರ್ಚ್‌ನಲ್ಲಿ ಲಾಯಲ್ ಆಡುತ್ತಿದ್ದ ಯುಎಸ್ಎಲ್‌ನ ಕ್ಲಬ್ ಮಾಲೀಕರು ಸೇರಿ ತಮ್ಮ ದರ್ಜೆಗಳ ನಡುವೆ ಬಡ್ತಿ, ಹಿಂಬಡ್ತಿ ತರಲು ಮತ ಹಾಕಿದರು. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಇಂಥದ್ದು ಹೊಸತು. ಮೇಜರ್ ಲೀಗ್ ಇದರ ಹೊರಗಿದೆ, ಅದರ ಬಾಗಿಲು ಈಗಲೂ ದುಡ್ಡಿಗೇ ತೆರೆಯುತ್ತದೆ. ಆದರೂ ಕೆಳಗಿನಿಂದ ಮೆಟ್ಟಿಲು ಕಟ್ಟಲು ಹೊರಟಿದ್ದಾರೆ. ಸ್ಯಾನ್ ಡಿಯಾಗೊದಿಂದ ಆ ಮೆಟ್ಟಿಲು ಹತ್ತಲು ಮತ್ತೊಬ್ಬರು ಒಂದು ತಂಡ ಕಟ್ಟಬೇಕು, ಅದಕ್ಕೊಂದು ಮೈದಾನವನ್ನೂ ಹುಡುಕಬೇಕು.