ಗಾಳಕ್ಕೆ ಮೀನು ಬೀಳುತ್ತಾ? ತರೀಕೆರೆಯ ಮೋಡ ನೋಡಬೇಡಿ, ಕಳಸದ ಮಳೆ ನೋಡಿ

ಆಗಸ್ಟ್ ಬಂತು ಅಂದ್ರೆ ಬೆಂಗಳೂರಿನ ಗೆಳೆಯರಿಂದ ಒಂದೇ ಥರದ ಫೋನ್. "ಮಗಾ, ಲಾಂಗ್ ವೀಕೆಂಡ್ ಇದೆ. ಲಕ್ಕವಳ್ಳಿ ಕಡೆ ಬರ್ತಿದ್ದೀವಿ. ಹೊಸ ರಾಡ್, ರೀಲ್ ಎಲ್ಲಾ ತಗೊಂಡಾಯ್ತು. ಮೀನು ಬೀಳುತ್ತಾ?"

ನಾನು ಎರಡು ಪ್ರಶ್ನೆ ಕೇಳ್ತೀನಿ. ಒಂದು, ಪರ್ಮಿಷನ್ ಯಾರ ಹತ್ರ ತಗೊಂಡಿದ್ದೀರಿ? ಎರಡು, ಕಳಸದಲ್ಲಿ ಮಳೆ ಹೇಗಿದೆ ನೋಡಿದ್ರಾ? ಮೊದಲನೆಯದಕ್ಕೆ ಮೌನ. ಎರಡನೆಯದಕ್ಕೆ, "ಕಳಸ ಯಾಕೋ? ನಾವು ತರೀಕೆರೆ ವೆದರ್ ನೋಡಿದ್ವಿ, ಬಿಸಿಲಿದೆ ಅಂತ ತೋರಿಸ್ತಿದೆ."

ಎಡವಟ್ಟು ಶುರುವಾಗೋದು ಇಲ್ಲೇ. ಗಾಳ ಹಾಕೋ ಹವ್ಯಾಸದವರಿಗೆ ಮಾತ್ರ ಅಲ್ಲ, ಭದ್ರಾ ನೀರಿನ ಬಗ್ಗೆ ಫೇಸ್‌ಬುಕ್‌ನಲ್ಲಿ ಜಗಳ ಆಡೋ ನಮಗೆಲ್ಲರಿಗೂ ಈ ವಿಷಯ ಅರ್ಥ ಆಗೋದು ಒಳ್ಳೇದು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಚಿಕ್ಕಮಗಳೂರು ಜಿಲ್ಲೆಯ ಪೂರ್ವದ ತಾಲ್ಲೂಕುಗಳು. 'ಚಿಕ್ಕಮಗಳೂರು' ಅಂದಕೂಡಲೇ ಕಾಫಿ, ಮಂಜು, ಜಲಪಾತ ಅಂತ ರೀಲ್ಸ್ ಮಾಡುವವರು ಒಮ್ಮೆ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತು ನೋಡಬೇಕು. ಇದು ಮಳೆ ನೆರಳಿನ ಸೀಮೆ. ಕಡೂರಿಗೆ ವರ್ಷಕ್ಕೆ ಬೀಳೋದು 600 ಮಿಲಿಮೀಟರ್ ಆಸುಪಾಸು. ಅದೇ ಜಿಲ್ಲೆಯ ಶೃಂಗೇರಿ ಕಡೆ ಇದರ ಐದಾರು ಪಟ್ಟು ಸುರಿಯುತ್ತೆ. ತರೀಕೆರೆ ಈ ಎರಡರ ನಡುವೆ ಕಾಲು ಚಾಚಿಕೊಂಡಿದೆ: ಪಶ್ಚಿಮಕ್ಕೆ ಕಾಡು ಮತ್ತು ಲಕ್ಕವಳ್ಳಿ ಡ್ಯಾಮು, ಪೂರ್ವಕ್ಕೆ ಅಜ್ಜಂಪುರದ ಬಯಲು, ಅಮೃತ್ ಮಹಲ್ ಕಾವಲು.

ಲಕ್ಕವಳ್ಳಿಯಲ್ಲಿ ನಿಂತಿರುವ ನೀರು ಲಕ್ಕವಳ್ಳಿಯ ಮಳೆಯದ್ದಲ್ಲ. ಭದ್ರಾ ಹುಟ್ಟೋದು ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ. ಕಳಸ, ಬಾಳೆಹೊನ್ನೂರು ದಾಟಿ ಜಲಾಶಯ ಸೇರುತ್ತೆ. ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಮಳೆಗಾಲದಲ್ಲಿ ಟಿವಿಯವರು ತೋರಿಸುತ್ತಾ ಬಂದಿದ್ದು ನೆನಪಿರಬಹುದು. ಅದು ಮುಳುಗಿತು ಅಂದ್ರೆ ಇಲ್ಲಿ ತರೀಕೆರೆಯಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿದ್ದರೂ ಜಲಾಶಯದ ಮೇಲ್ತುದಿಗೆ ಕೆಂಪು ನೀರು ನುಗ್ಗಿ ಬರ್ತಿದೆ ಅಂತಲೇ ಅರ್ಥ.

ಕೆಂಪು ನೀರಲ್ಲಿ ಏನಾಗುತ್ತೆ? ಮಹಶೀರ್‌ನಂಥ ಮೀನು ಕಣ್ಣಿಂದ ಬೇಟೆ ಆಡೋದು ಕಷ್ಟವಾಗುತ್ತೆ. ನೀವು ಎಸೆದ ಹೊಳೆಯುವ ಸ್ಪೂನ್ ಅದಕ್ಕೆ ಕಾಣಲ್ಲ. ಜೊತೆಗೆ ಸೆಳೆತ ಜಾಸ್ತಿಯಾದಾಗ ಮೀನು ನಡುಹೊಳೆ ಬಿಟ್ಟು ಬಂಡೆ ಮರೆಗೆ, ದಡದ ಗಿಡಗಂಟಿ ಬುಡಕ್ಕೆ ಸರಿಯುತ್ತೆ. ಶಕ್ತಿ ಉಳಿಸಿಕೊಳ್ಳೋದು ಆಗ ಅದರ ಮೊದಲ ಕೆಲಸ, ತಿನ್ನೋದು ಆಮೇಲೆ. ನೀರು ಏರ್ತಿರುವಾಗ ಮೀನು ಚೆದುರಿರುತ್ತೆ, ಇಳಿಯುತ್ತಾ ತಿಳಿಯಾಗುವಾಗ ಒಂದೆಡೆ ಸೇರುತ್ತೆ. ಹಳೇ ಗಾಳದವರು ನೀರು ತೀರಾ ತಿಳಿಯಾಗೋವರೆಗೂ ಕಾಯೋದಿಲ್ಲ. ಚಹಾದ ಬಣ್ಣದಿಂದ ಎಳನೀರ ಬಣ್ಣಕ್ಕೆ ತಿರುಗುವ ಆ ಎರಡು ಮೂರು ದಿನಕ್ಕೇ ಕಾಯ್ತಾರೆ.

ಮುಂಗಾರಿನ ಮೊದಲ ಹೊಸ ನೀರಿನ ಕಥೆ ಬೇರೆ. ಆಗ ಮೀನು ಹೊಟ್ಟೆತುಂಬ ಮೊಟ್ಟೆ ಇಟ್ಟುಕೊಂಡು ಪ್ರವಾಹಕ್ಕೆ ಎದುರಾಗಿ ಹತ್ತುತ್ತೆ, ಹಳ್ಳ, ತೋಡು, ಗದ್ದೆ ಬದು ಅಂತ ನೋಡದೆ. ಮಲೆನಾಡಿನಲ್ಲಿ ಇದಕ್ಕೆ 'ಹತ್ತುಮೀನು' ಅಂತಾರೆ. ರಾತ್ರಿ ಬ್ಯಾಟರಿ ಹಿಡಿದು ಕತ್ತಿಯಲ್ಲಿ ಕಡಿಯೋದನ್ನು ಸಾಹಸದ ಕಥೆಯಂತೆ ಹೇಳಿಕೊಳ್ಳುವವರು ಈಗಲೂ ಇದ್ದಾರೆ. ಬಡವರ ಮನೆ ಸಾರಿಗೆ ನಾಲ್ಕು ಮೀನು ಹಿಡಿದದ್ದನ್ನು ನಾನು ತಪ್ಪು ಅನ್ನಲ್ಲ. ಆದರೆ ನೂರಾರು ಕಿಲೋಮೀಟರ್ ಕಾರಲ್ಲಿ ಬಂದು, ಮೊಟ್ಟೆಗೆ ಹತ್ತುವ ಮೀನಿಗೆ ಗಾಳ ಹಾಕಿ, ಫೋಟೋ ತೆಗೆಸಿಕೊಳ್ಳೋದು ಯಾವ ಕ್ರೀಡೆ?

ಲೋಕದ ಎಲ್ಲ ಉಷ್ಣವಲಯದ ನದಿಗಳಲ್ಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ. ಅಮೆಜಾನಿನ ರಿಯೊ ನೀಗ್ರೋದಲ್ಲಿ ಪೀಕಾಕ್ ಬಾಸ್ ಹಿಡಿಯಲು ಹೋಗುವವರು ನೀರು ತಗ್ಗಿದ ತಿಂಗಳುಗಳನ್ನೇ ಆರಿಸ್ತಾರೆ. ನೆರೆ ಬಂದಾಗ ಮೀನು ಮುಳುಗಿದ ಕಾಡಿನೊಳಗೆ ಹೋಗಿಬಿಡುತ್ತೆ, ಅಲ್ಲಿ ಗಾಳಕ್ಕೆ ದಾರಿಯಿಲ್ಲ. ಹಾಗಂತ ತೀರಾ ತಗ್ಗಿದರೂ ಕಷ್ಟ. 2024ರ ಅಕ್ಟೋಬರಿನಲ್ಲಿ ಮನೌಸ್ ನಗರದ ಬಳಿ ಆ ನದಿ, 1902ರಲ್ಲಿ ಅಳತೆ ಶುರುವಾದಾಗಿನಿಂದ ಕಂಡಿರದ ಮಟ್ಟಕ್ಕೆ ಇಳೀತು. ದೋಣಿಗಳು ಮರಳ ಮೇಲೆ ಕೂತವು. ಪ್ರವಾಸಿಗಳ ಟ್ರಿಪ್ ಕೆಟ್ಟದ್ದಿರಲಿ, ದೋಣಿಯನ್ನೇ ನಂಬಿದ ನದಿ ದಡದ ಹಳ್ಳಿಗಳು ಊಟ, ಔಷಧಿಗೆ ಪರದಾಡಿದವು.

ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ರಿಯೊ ನೀಗ್ರೋ ಮಟ್ಟವನ್ನು ಏರಿಸಿ ಇಳಿಸೋದು ಮಳೆ. ನಮ್ಮ ಭದ್ರೆಯನ್ನು ಏರಿಸೋದು ಮಳೆ, ಇಳಿಸೋದು ಮೀಟಿಂಗು.

ಅಂಕಿ ಓದೋದು ಹೇಗೆ

ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುವ ಪೆಟ್ಟಿಗೆ ನೋಡಿರ್ತೀರಿ: ಭದ್ರಾ ಜಲಾಶಯ, ಗರಿಷ್ಠ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬಹುತೇಕರು ನೋಡೋದು ಮಟ್ಟ ಮಾತ್ರ. ಗಾಳದವರು, ರೈತರು, ನದಿ ಪಕ್ಕದ ಊರಿನವರು ನೋಡಬೇಕಾದ್ದು ಕೊನೆಯ ಎರಡನ್ನು.

ಒಂದು ಲೆಕ್ಕ ತಲೇಲಿ ಇಟ್ಕೊಳ್ಳಿ. ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಸುಮಾರು 11,600 ಕ್ಯುಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಭದ್ರಾ ತುಂಬಿದಾಗ ಹಿಡಿಯೋದು ಸುಮಾರು 71.5 ಟಿಎಂಸಿ. ಒಳಹರಿವು ದಿಢೀರನೆ ನಾಲ್ಕೈದು ಪಟ್ಟು ಏರಿದ್ದರೆ ಹಿನ್ನೀರಿನ ಮೇಲ್ತುದಿಯಲ್ಲಿ ಕೆಸರು, ಗಾಳ ಮಡಚಿಡಿ. ಒಳಹರಿವು ಮೂರು ನಾಲ್ಕು ದಿನದಿಂದ ಇಳಿಯುತ್ತಿದ್ದು ಹೊರಹರಿವು ಹಾಗೇ ನಿಂತಿದ್ದರೆ ನೀರು ತಿಳಿಯಾಗ್ತಿದೆ ಅಂತ. ಹೊರಹರಿವು ಏರ್ತಿದ್ದರೆ, ಅದರಲ್ಲೂ ಜಲಾಶಯ 180 ಅಡಿ ದಾಟಿದ ಮೇಲೆ, ಡ್ಯಾಮಿನ ಕೆಳಗೆ ಬಂಡೆ ಮೇಲೆ ಕೂರುವ ಯೋಚನೆ ಬಿಡಿ. ಗೇಟ್ ಎತ್ತುವ ಮುಂಚೆ ನದಿ ಪಾತ್ರದವರಿಗೆ ಎಚ್ಚರಿಕೆ ಕೊಡ್ತಾರೆ ನಿಜ, ಆದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತವನಿಗೆ ಅದು ತಲುಪಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈ ಅಂಕಿಗಳನ್ನೂ ಊರೂರಿನ ಮಳೆ ಲೆಕ್ಕವನ್ನೂ ಆನ್‌ಲೈನ್‌ನಲ್ಲಿ ಹಾಕುತ್ತೆ. ದುಡ್ಡು ಕೊಡಬೇಕಿಲ್ಲ.

ಜಲಾಶಯದ ದಡಕ್ಕೂ ತನ್ನದೇ ನಡೆ ಇದೆ. ಬೇಸಿಗೆಯಲ್ಲಿ ಬಯಲಾಗಿ ಹುಲ್ಲು ಬೆಳೆದ ನೆಲದ ಮೇಲೆ ಮಳೆಗಾಲದ ನೀರು ನಿಧಾನಕ್ಕೆ ಹತ್ತಿದಾಗ ಹುಳು, ಎರೆಹುಳ ಎಲ್ಲಾ ಮೇಲೆ ಬರುತ್ವೆ, ಮೀನು ದಡಕ್ಕೆ ಬರುತ್ತೆ. ನೀರು ಬೇಗ ಇಳಿಸಿದರೆ ಅದೇ ಮೀನು ಮುಳುಗಿದ ಹಳೇ ಹೊಳೆಯ ಆಳಕ್ಕೆ ವಾಪಸ್. ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ವೆ, ಅವುಗಳ ಹೆಸರಲ್ಲೇ ಅಲ್ಲೊಂದು ಸರ್ಕಾರಿ ರೆಸಾರ್ಟೂ ಇದೆ. ಹಕ್ಕಿಗೂ ಮೀನಿಗೂ ಬೇಕಾದ್ದು ಒಂದೇ: ಮಟ್ಟ ಮೆಲ್ಲಗೆ ಬದಲಾಗಬೇಕು.

ಮೆಲ್ಲಗೆ ಬದಲಾಗುತ್ತಾ? ಅದು ನೀರಾವರಿ ಸಲಹಾ ಸಮಿತಿಯ ಸಭೆ ಮೇಲೆ ನಿಂತಿದೆ. ದಾವಣಗೆರೆ ಅಚ್ಚುಕಟ್ಟಿನ ಭತ್ತಕ್ಕೆ ನೀರು ಬೇಕು. 2023ರ ಬರದಲ್ಲಿ ನಾಲೆಗೆ ನೀರು ನಿಲ್ಲಿಸಿ ಬಿಡುವ ತೀರ್ಮಾನ ಬಂದಾಗ ಅಲ್ಲಿನ ರೈತರು ಬೀದಿಗಿಳಿದರು. 2025ರ ಜೂನ್‌ನಲ್ಲಿ ಮತ್ತೆ ಇಳಿದರು. ಈ ಸಲ ಕಾರಣ, ಭದ್ರಾ ಬಲದಂಡೆ ನಾಲೆಯ ಬಳಿಯಿಂದ ಹೊಸದುರ್ಗ, ತರೀಕೆರೆ, ಕಡೂರು ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ. ಕಡೂರಿನವನಾಗಿ ಹೇಳ್ತೀನಿ: ನಮಗೆ ಆ ನೀರು ಬೇಕು. ಫ್ಲೋರೈಡ್ ಬೋರ್‌ವೆಲ್ ನೀರು ಕುಡಿದವರಿಗೆ ಇದರಲ್ಲಿ ಎರಡು ಮಾತಿಲ್ಲ. ದಾವಣಗೆರೆಯವರ ಭಯವೂ ಸುಳ್ಳಲ್ಲ.

ಇದರ ಜೊತೆಗೆ ಭದ್ರಾ ಮೇಲ್ದಂಡೆ. ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಹಾಕೋದು, ಭದ್ರೆಯಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಕಳಿಸೋದು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಗಿ, ಆಮೇಲೆ ರಾಜ್ಯ-ಕೇಂದ್ರದ ನಡುವೆ ಅದೇ ದೊಡ್ಡ ಜಗಳವಾದ್ದು ನಿಮಗೆ ಗೊತ್ತು. ಈ ಎಲ್ಲ ಚರ್ಚೆಯಲ್ಲಿ ಅಡಿಕೆ, ಭತ್ತ, ಕುಡಿಯುವ ನೀರು, ಕೋಟಿ ಕೋಟಿ ಟೆಂಡರ್ ಬರುತ್ತೆ. ನದಿಗೇ ಎಷ್ಟು ಬಿಡ್ತೀರಿ ಅಂತ ಯಾರಾದರೂ ಕೇಳಿದ್ದನ್ನು ನಾನಂತೂ ಕೇಳಿಲ್ಲ.

ವೇದಾವತಿಯ ವಿಚಿತ್ರ

ಕಡೂರಿನ ಪಾಲಿನ ಹೊಳೆ ವೇದಾವತಿ. ಸಖರಾಯಪಟ್ಟಣದ ಅಯ್ಯನಕೆರೆ ಕಡೆಯಿಂದ ವೇದಾ, ಮದಗದ ಕೆರೆ ಕಡೆಯಿಂದ ಆವತಿ, ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ. ಹೊಳೆ ಅನ್ನೋದಕ್ಕಿಂತ ನೆನಪಾದಾಗ ಹರಿಯುವ ಹಳ್ಳ ಅನ್ನಬಹುದು. ಕೆರೆ ಕೋಡಿ ಬಿದ್ದರೆ ಹರಿವು, ಇಲ್ಲದಿದ್ದರೆ ಮರಳು, ಅದೂ ಈಗ ಎಷ್ಟೋ ಕಡೆ ಲಾರಿ ಹತ್ತಿ ಹೋಗಿದೆ. ಕೋಡಿ ಬಿದ್ದ ದಿನ ಊರ ಹುಡುಗರೆಲ್ಲ ಬಲೆ, ಸೊಳ್ಳೆ ಪರದೆ, ಸಿಕ್ಕಿದ್ದು ಹಿಡಿದು ಓಡ್ತಾರೆ. ಅವರಿಗೆ ಹಬ್ಬ. ಕೆರೆ ಗುತ್ತಿಗೆ ಹಿಡಿದು, ಕಾಟ್ಲಾ, ರೋಹು ಮರಿ ಬಿಟ್ಟವನಿಗೆ ಅದೇ ನಷ್ಟ, ಅವನ ಬಂಡವಾಳ ಕೋಡಿಯಲ್ಲಿ ಹಾರಿ ಹೋಗ್ತಿರುತ್ತೆ. ಮಳೆ ಬರದಿದ್ದರೆ ಮೀನು ಬೆಳೆಯಲ್ಲ, ಜಾಸ್ತಿ ಬಂದರೆ ನಿಲ್ಲಲ್ಲ.

2019ರಿಂದ ಈ ವೇದಾವತಿಗೆ ಭದ್ರಾ ನೀರನ್ನು ಪಂಪ್ ಮಾಡಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹರಿಸಲಾಗ್ತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ 2022ರ ಸೆಪ್ಟೆಂಬರಿನಲ್ಲಿ 89 ವರ್ಷದ ಮೇಲೆ ಮತ್ತೆ ಕೋಡಿ ಬಿತ್ತು. ಮಳೆಯದೂ ಪಾಲಿತ್ತು, ಪಂಪಿನದೂ ಪಾಲಿತ್ತು. ಜನ ಕಣ್ಣೀರು ಹಾಕಿಕೊಂಡು ನೋಡಿದರು.

ಮೀನಿನ ದೃಷ್ಟಿಯಲ್ಲಿ ಮಾತ್ರ ಇದು ಗೊಂದಲದ ನೀರು. ಆಕಾಶದಲ್ಲಿ ಮೋಡವಿಲ್ಲ, ಮಣ್ಣಿನ ವಾಸನೆ ಇಲ್ಲ, ಆದರೂ ಹೊಳೆಯಲ್ಲಿ ಹರಿವಿದೆ. ಕಾಟ್ಲಾ, ರೋಹು ಜಾತಿಗಳಿಗೆ ಮೊಟ್ಟೆಯಿಡಲು ಬರೀ ಹರಿವು ಸಾಲದು, ಹೊಸ ಮಳೆಯ ತಂಪು, ನೆರೆ ಏರುವ ಹೊತ್ತು, ಮುಳುಗಿದ ಅಂಚಿನ ನೆಲ, ಎಲ್ಲ ಕೂಡಿ ಬರಬೇಕು. ಪಂಪ್ ಆನ್ ಮಾಡಿದರೆ ನೀರು ಬರುತ್ತೆ, ಮುಂಗಾರು ಬರಲ್ಲ.

ಕಾವೇರಿ ಕಲಿಸಿದ ಪಾಠ

ರಾಜ್ಯದಲ್ಲಿ ಗಾಳದ ಕ್ರೀಡೆಗೆ ಹೆಸರಾದ್ದು ಭದ್ರೆಯಲ್ಲ, ಕಾವೇರಿ ಮತ್ತು ಕಬಿನಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿದೆ. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕ್ಯಾಂಪುಗಳಿಗೆ ವಿದೇಶದಿಂದ ಜನ ಬರ್ತಿದ್ದರು. ರಾಗಿಮುದ್ದೆ ಕಟ್ಟಿ ಗಾಳ ಹಾಕೋದು, ಹಿಡಿದು, ತೂಗಿ, ಬರೆದುಕೊಂಡು, ವಾಪಸ್ ಬಿಡೋದು. ಒಳ್ಳೆಯ ಸೀಸನ್ ಜನವರಿಯಿಂದ ಮಾರ್ಚ್, ನೀರು ಇಳಿದು ತಿಳಿಯಾಗಿರುವಾಗ.

ಈ ಸೀಸನ್ನೂ ರಾಜಕೀಯವೇ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಾವು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಕೊಡಬೇಕಾದ್ದು 177.25 ಟಿಎಂಸಿ. ಆಗಸ್ಟ್‌ನಲ್ಲಿ 45.95, ಜನವರಿಯಲ್ಲಿ 2.76, ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5. ಆ ನಾಲ್ಕು ತಿಂಗಳದ್ದು ಕೂಡಿದರೆ 10 ಟಿಎಂಸಿ. ಕಾವೇರಿ ನ್ಯಾಯಮಂಡಳಿ ಪರಿಸರದ ಹೆಸರಲ್ಲಿ ಎತ್ತಿಟ್ಟದ್ದೂ 10 ಟಿಎಂಸಿಯೇ. ಸಾಕೋ ಬಿಡೋ, ನದಿಗೂ ಒಂದು ಪಾಲು ಅಂತ ಕಾಗದದ ಮೇಲೆ ಬಂತು.

ಕ್ಯಾಂಪಿನವರು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ ಇನ್ನೊಂದು ಸತ್ಯ ಹೊರಬಂತು. 1998ರಿಂದ 2012ರವರೆಗಿನ ದಾಖಲೆ ನೋಡಿದ ವಿಜ್ಞಾನಿಗಳಿಗೆ ಕಂಡದ್ದು, ಕಾವೇರಿಯದ್ದೇ ಆದ ಕಿತ್ತಳೆ ರೆಕ್ಕೆಯ ಡುಬ್ಬ ಬೆನ್ನಿನ ಮಹಶೀರ್ ಕುಸಿಯುತ್ತಾ, ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗುತ್ತಾ ಬಂದದ್ದು. 2018ರಲ್ಲಿ ಆ ಡುಬ್ಬದ ಮೀನು ತೀವ್ರ ಅಳಿವಿನಂಚಿನದು ಅಂತ ಐಯುಸಿಎನ್ ಪಟ್ಟಿ ಸೇರಿತು. ಅಷ್ಟರಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತಿತ್ತು, ಕಾನೂನಿನ ಪ್ರಕಾರ ಸರಿಯೇ. ಆದರೆ ಗಾಳದ ಜೊತೆ ಲೆಕ್ಕ ಬರೆಯುವವರೂ ಹೋದರು. ಗೈಡ್ ಕೆಲಸ ಮಾಡುತ್ತಾ ಡೈನಮೈಟ್ ಹಾಕುವವರನ್ನು ಕಾಯುತ್ತಿದ್ದ ಸ್ಥಳೀಯ ಹುಡುಗರ ಕೆಲಸವೂ ಹೋಯಿತು. ಇಲ್ಲಿ ನನ್ನ ನಿಲುವು ಗಾಳದವರ ಪರ ವಾಲುತ್ತೆ, ಅದನ್ನು ಮುಚ್ಚಿಡಲ್ಲ.

ಭದ್ರೆಯಲ್ಲಿ ಅಂಥ ಲೆಕ್ಕವನ್ನು ಯಾರು ಬರೀಬಹುದು? ಹಿನ್ನೀರಿನ ಹೆಚ್ಚಿನ ಅಂಚು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ, ಅಲ್ಲಿ ಅನುಮತಿ ಇಲ್ಲದೆ ಗಾಳ ಹಾಕಿದರೆ ಅರಣ್ಯ ಇಲಾಖೆಯ ಕೇಸು. ಕಾಡಿನ ಹೊರಗೆ ಬಲೆ ಹಾಕುವ ಮೀನುಗಾರರಿದ್ದಾರೆ. ಯಾವ ತಿಂಗಳು ಯಾವ ಮೀನು, ನೀರು ಎಷ್ಟಿದ್ದಾಗ ಎಷ್ಟು ಅನ್ನೋದು ಅವರ ತಲೆಯಲ್ಲಿದೆ. ಸಲಹಾ ಸಮಿತಿಯ ಸಭೆಗೆ ಅವರನ್ನೊಬ್ಬರನ್ನು ಕರೆದು ಕೂರಿಸಿ ಕೇಳೋದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಕುರ್ಚಿ ಸಾಕು.

ಗೆಳೆಯರಿಗೆ ಮೊನ್ನೆ ಇಷ್ಟೇ ಹೇಳಿದೆ: "ಸೆಪ್ಟೆಂಬರ್ ಕಳೀಲಿ. ಕಳಸದಲ್ಲಿ ಮಳೆ ನಿಂತು ನಾಲ್ಕು ದಿನ ಆಗಲಿ. ಹೊರಹರಿವಿನ ಅಂಕಿ ಸ್ಕ್ರೀನ್‌ಶಾಟ್ ಕಳಿಸಿ. ಆಮೇಲೆ ಗುತ್ತಿಗೆದಾರರನ್ನು ಕೇಳಿ ಒಂದು ಕೆರೆ ಹತ್ರ ಕರ್ಕೊಂಡು ಹೋಗ್ತೀನಿ, ದುಡ್ಡು ಅವರಿಗೆ ಕೊಡಿ." ಒಬ್ಬ ಕೇಳಿದ, "ಮೀನು ಗ್ಯಾರಂಟೀನಾ?" ಅದು ಬೇಕಿದ್ದರೆ ತರೀಕೆರೆ ಸಂತೆಗೆ ಹೋಗು ಅಂದೆ.