ಕಾಮಗಾರಿಯ ಯೋಜನೆ: ನೀರು ಬರಬೇಕಾದ ದಿನದಿಂದ ಹಿಂದಕ್ಕೆ ಎಣಿಕೆ

ಆರ್ಥಿಕ ಅಭಿವೃದ್ಧಿ ಹಾಗೂ ಸಾಮಾಜಿಕ ನ್ಯಾಯಕ್ಕಾಗಿ ಯೋಜನೆಗಳನ್ನು ಸಿದ್ಧಪಡಿಸುವ ಹೊಣೆಯನ್ನು ಪಂಚಾಯತಿಗಳಿಗೆ ವಹಿಸಲು ಸಂವಿಧಾನದ 243ಜಿ ಅನುಚ್ಛೇದವು ಅವಕಾಶ ಕಲ್ಪಿಸಿದೆ. ಆದರೆ ಆಚರಣೆಯಲ್ಲಿ ‘ಯೋಜನೆ’ ಎಂಬುದು ಬಹುಮಟ್ಟಿಗೆ ಕಾಮಗಾರಿಗಳ ಹೆಸರು ಮತ್ತು ಮೊತ್ತಗಳ ಪಟ್ಟಿಯಾಗಿ ಉಳಿದಿದೆ. ಕಾಮಗಾರಿಯನ್ನು ಯೋಜಿಸುವುದೆಂದರೆ ಏನೆಂಬುದನ್ನು ಮಾನ್ಯ ಸದಸ್ಯರಿಗೆ ಚಿರಪರಿಚಿತವಾದ ಕುಡಿಯುವ ನೀರಿನ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

1,200 ಜನರಿರುವ ಗ್ರಾಮವೊಂದನ್ನು ಊಹಿಸಿಕೊಳ್ಳೋಣ. ‘ಒಂದು ಟ್ಯಾಂಕ್ ಕಟ್ಟಬೇಕು’ ಎಂಬುದು ಗುರಿಯಲ್ಲ, ಅದು ಸಾಧನ. ಜಲ ಜೀವನ್ ಮಿಷನ್‌ನ ಮಾನದಂಡದಂತೆ ತಲಾ 55 ಲೀಟರ್ ನೀರು ಪ್ರತಿದಿನ ಪ್ರತಿ ಮನೆಗೆ ಮುಟ್ಟಬೇಕು ಎಂಬುದು ಗುರಿ. ಹೀಗೆ ಬರೆದುಕೊಂಡೊಡನೆ ಲೆಕ್ಕ ತಾನಾಗಿ ತೆರೆದುಕೊಳ್ಳುತ್ತದೆ. ದಿನದ ಅಗತ್ಯ 66,000 ಲೀಟರ್. ಪಂಪಿಗೆ ದಿನಕ್ಕೆ 8 ಗಂಟೆ ವಿದ್ಯುತ್ ದೊರೆತರೆ ಕೊಳವೆಬಾವಿಯು ಗಂಟೆಗೆ 8,250 ಲೀಟರ್ ಕೊಡಬೇಕು. 5 ಗಂಟೆ ಮಾತ್ರ ದೊರೆತರೆ 13,200 ಲೀಟರ್ ಕೊಡಬೇಕಾಗುತ್ತದೆ. ಅದೇ ಊರು, ಅದೇ ಜನ. ವಿದ್ಯುತ್ತಿನ ಅವಧಿಯೊಂದು ಬದಲಾದರೆ ಯೋಜನೆಯೇ ಬದಲಾಗುತ್ತದೆ. ಇಳುವರಿಯನ್ನು ‘ಇಷ್ಟು ಇಂಚು’ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಸದಸ್ಯರು ಅದನ್ನು ಗಂಟೆಗೆ ಎಷ್ಟು ಲೀಟರ್ ಎಂದೇ ಕೇಳಿ ತಿಳಿಯುವುದು ಒಳಿತು. ಮಳೆಗಾಲದ ಬೆನ್ನಲ್ಲೇ ಅಳೆದ ಇಳುವರಿಯನ್ನು ಬೇಸಿಗೆಗೂ ನಂಬಿಕೊಳ್ಳುವಂತಿಲ್ಲ.

ಇನ್ನು ಕಾಲದ ವಿಚಾರ. ಏಪ್ರಿಲ್ 1ರಂದು ನಲ್ಲಿಯಲ್ಲಿ ನೀರು ಬರಬೇಕೆಂದಿದ್ದರೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮಾರ್ಚ್ ತಿಂಗಳು ಪ್ರಾಯೋಗಿಕ ಸರಬರಾಜಿಗೆ ಮತ್ತು ಸೋರಿಕೆಗಳ ದುರಸ್ತಿಗೆ ಬೇಕು. ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುವುದರಿಂದ ಟ್ಯಾಂಕಿನ ಕೊನೆಯ ಕಾಂಕ್ರೀಟು ಜನವರಿ ಅಂತ್ಯದೊಳಗೆ ಮುಗಿದಿರಬೇಕು. ಅದಕ್ಕೂ ಹಿಂದೆ ಅಡಿಪಾಯ, ಕಂಬಗಳು. ಅದಕ್ಕೂ ಹಿಂದೆ ಕಾರ್ಯಾದೇಶ, ಟೆಂಡರ್, ತಾಂತ್ರಿಕ ಮಂಜೂರಾತಿ, ಅಂದಾಜು ಪಟ್ಟಿ. ಹೀಗೆ ಎಣಿಸುತ್ತ ಹೋದರೆ ಕೆಲಸವು ಹಿಂದಿನ ವರ್ಷದ ಬೇಸಿಗೆಯಲ್ಲಿಯೇ ಆರಂಭವಾಗಬೇಕಿತ್ತೆಂಬುದು ತಿಳಿದುಬರುತ್ತದೆ. ಜನವರಿಯಲ್ಲಿ ಚರ್ಚಿಸಿದ ಕಾಮಗಾರಿಯು ಆ ಬೇಸಿಗೆಗೆ ಒದಗದೆ, ಟ್ಯಾಂಕರ್ ನೀರಿಗೆ ಮತ್ತೆ ಹಣ ತೆರುವುದು ಇದೇ ಕಾರಣದಿಂದ.

ಈ ಸರಪಳಿಯಲ್ಲಿ ಎಲ್ಲ ಕೊಂಡಿಗಳೂ ಸಮಾನವಲ್ಲ. ಕೊಳವೆ ಹೂಳಲು ಕಾಲುವೆ ತೋಡುವುದನ್ನೂ ಟ್ಯಾಂಕ್ ನಿರ್ಮಾಣವನ್ನೂ ಏಕಕಾಲಕ್ಕೆ ನಡೆಸಬಹುದು. ಕಾಲುವೆಯ ಕೆಲಸ ಹತ್ತು ದಿನ ತಡವಾದರೂ ಬಾಧಕವಾಗದಿರಬಹುದು. ಆದರೆ ಕೊಳವೆಬಾವಿಯ ಇಳುವರಿ ಹಾಗೂ ನೀರಿನ ಗುಣಮಟ್ಟ ಖಚಿತವಾಗುವ ಮೊದಲು ಟ್ಯಾಂಕಿಗೆ ಕೈಹಾಕುವುದು ಸಲ್ಲದು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ಯೋಗ್ಯವಲ್ಲ. ಎಷ್ಟೇ ಸಮೃದ್ಧವಾಗಿ ಸಿಕ್ಕರೂ ಅಂತಹ ನೀರು ಯೋಜನೆಯ ಸ್ವರೂಪವನ್ನೇ ಬದಲಿಸುತ್ತದೆ. ಟ್ಯಾಂಕು ಕಣ್ಣಿಗೆ ಕಾಣುವ ಕೆಲಸವಾದ್ದರಿಂದ ಅದನ್ನೇ ಮೊದಲು ಮಾಡಿಸುವ ಉತ್ಸಾಹ ಸಹಜ. ನೀರಿಲ್ಲದೆ ನಿಂತಿರುವ ಟ್ಯಾಂಕುಗಳ ಹಿಂದೆ ಈ ಉತ್ಸಾಹದ ಪಾಲೂ ಇದೆ. ನಿವೇಶನದ ಪಹಣಿಯನ್ನು ಪರಿಶೀಲಿಸುವುದು, ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವುದು ಮುಂತಾದವು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಕೆಲಸಗಳಾದರೂ ಇಡೀ ಕಾಮಗಾರಿಯನ್ನು ತಡೆದು ನಿಲ್ಲಿಸಬಲ್ಲವು. ಇಂಥವನ್ನು ಮೊದಲ ವಾರದಲ್ಲಿಯೇ ಯಾರು ಮಾಡತಕ್ಕದ್ದು ಎಂಬುದನ್ನು ಸಭೆಯ ನಡವಳಿಯಲ್ಲಿ ಹೆಸರು, ದಿನಾಂಕ ಸಹಿತ ದಾಖಲಿಸುವುದು ಸೂಕ್ತ. ‘ಕ್ರಮ ವಹಿಸಲು ತೀರ್ಮಾನಿಸಲಾಯಿತು’ ಎಂಬ ವಾಕ್ಯದಲ್ಲಿ ಯಾರ ಹೊಣೆಯೂ ಇರುವುದಿಲ್ಲ.

ಕೊಳವೆಬಾವಿ ವಿಫಲವಾದರೆ ಮುಂದೇನು ಎಂಬ ಪ್ರಶ್ನೆಯನ್ನು ಕೊರೆಯಿಸುವ ಮೊದಲೇ ಕೇಳಬೇಕು. ಎರಡನೆಯ ಸ್ಥಳವನ್ನು ಭೂವಿಜ್ಞಾನಿಗಳಿಂದ ಗುರುತಿಸಿಟ್ಟುಕೊಳ್ಳುವುದು ಅಪಶಕುನವಲ್ಲ.

ನಿರ್ಮಾಣಕ್ಕೆ ಅನುದಾನ ಬರುತ್ತದೆ. ನಡೆಸುವ ಖರ್ಚಿನ ಭಾರ ಪ್ರತಿ ತಿಂಗಳೂ ಪಂಚಾಯತಿಯ ಮೇಲಿರುತ್ತದೆ. 7.5 ಅಶ್ವಶಕ್ತಿಯ ಮೋಟಾರು ದಿನಕ್ಕೆ 8 ಗಂಟೆ ಓಡಿದರೆ ಏನಿಲ್ಲವೆಂದರೂ ಸುಮಾರು 45 ಯೂನಿಟ್, ತಿಂಗಳಿಗೆ 1,350 ಯೂನಿಟ್ ವಿದ್ಯುತ್ ಬೇಕು. ಊರಿನಲ್ಲಿ 240 ಮನೆಗಳಿದ್ದರೆ ಮನೆಯೊಂದರ ಪಾಲು ಆರು ಯೂನಿಟ್‌ಗಿಂತ ಕಡಿಮೆ. ಇದಕ್ಕೆ ನೀರುಗಂಟಿಯ ವೇತನ, ಮೋಟಾರ್ ದುರಸ್ತಿ, ಕ್ಲೋರಿನೀಕರಣದ ವೆಚ್ಚಗಳನ್ನು ಕೂಡಿಸಿ ನೀರಿನ ಕರವನ್ನು ಕಾಮಗಾರಿ ಆರಂಭಕ್ಕೆ ಮುನ್ನವೇ ಗ್ರಾಮ ಸಭೆಯ ಮುಂದಿಡಬೇಕು. ನೀರು ಹರಿಯಲಾರಂಭಿಸಿದ ಮೇಲೆ ಕರದ ಮಾತೆತ್ತುವುದು ಕಷ್ಟವೆಂಬುದು ಸದಸ್ಯರಿಗೆ ತಿಳಿಯದ್ದೇನಲ್ಲ.

ಕಾಮಗಾರಿ ನಡೆಯುತ್ತಿರುವಾಗ ಹದಿನೈದು ದಿನಗಳಿಗೊಮ್ಮೆ ಸದಸ್ಯರು ಸ್ಥಳಕ್ಕೆ ಹೋಗಿ, ಆ ದಿನಕ್ಕೆ ಮುಗಿದಿರಬೇಕಾದ ಕೆಲಸವನ್ನೂ ಮುಗಿದಿರುವ ಕೆಲಸವನ್ನೂ ಹೋಲಿಸಿ ನೋಡುವುದು ಸಾಕಾಗುತ್ತದೆ. ಅಂತಿಮ ಬಿಲ್ಲು ಪಾವತಿಗೆ ಮುನ್ನ ಕೊಳವೆ ಮಾರ್ಗದ ನಕ್ಷೆ, ವಾಲ್ವ್‌ಗಳಿರುವ ಸ್ಥಳಗಳ ವಿವರ, ಮೋಟಾರಿನ ಖಾತರಿ ಪತ್ರ ಹಾಗೂ ನೀರಿನ ಪರೀಕ್ಷಾ ವರದಿಯನ್ನು ಗುತ್ತಿಗೆದಾರರಿಂದ ಪಡೆದು ಪಂಚಾಯತಿ ಕಚೇರಿಯಲ್ಲಿ ಇರಿಸಿಕೊಳ್ಳತಕ್ಕದ್ದು. ನಕ್ಷೆಯ ಒಂದು ಪ್ರತಿ ನೀರುಗಂಟಿಯ ಬಳಿಯೂ ಇರಲಿ.