ಸಂವಿಧಾನದೊಳಗೆ ಕೆರೆ ಬಾವಿ ಬಂದ ಬಗೆ

ಭಾರತ ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ತೆರೆದು ನೋಡಿ. ಗಣರಾಜ್ಯ, ಸಾರ್ವಭೌಮತೆ, ನ್ಯಾಯಾಂಗ ಎಂಬ ತೂಕದ ಮಾತುಗಳಿರುವ ಆ ಗ್ರಂಥದಲ್ಲಿ ಅಪ್ಪಟ ಊರಿನ ಪದಗಳು ಬಂದು ಕೂತಿವೆ: ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಸರಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದೇ ಬಿಟ್ಟ ಇಂಥ ಜಾಗಗಳಿಂದ ಯಾರನ್ನೂ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ದೂರ ಇಡುವಂತಿಲ್ಲ ಎನ್ನುತ್ತದೆ ಆ ಖಂಡ.

ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿಯ ಹೆಸರು ಬರೆಯಬೇಕಾಯಿತು ಎಂದರೆ, ಅದರ ಹಿಂದೆ ನೀರಿಗಾಗಿ ನಡೆದ ದೊಡ್ಡ ಜಗಳವೊಂದು ಇರಲೇಬೇಕು. ಆ ಜಗಳ ಬೀದಿಯಲ್ಲಿ, ಕೋರ್ಟಿನಲ್ಲಿ, ಶಾಸನಸಭೆಯಲ್ಲಿ ಏಕಕಾಲಕ್ಕೆ ನಡೆಯಿತು. ಮೂರೂ ಕಡೆ ಇದ್ದವರು ಒಬ್ಬರೇ, ಬ್ಯಾರಿಸ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್. ಸಂವಿಧಾನ ಶಿಲ್ಪಿಯಾಗಿ ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಹತ್ತಾರು ವರ್ಷ ಅವರು ಮುಂಬಯಿ ಪ್ರಾಂತದ ಶಾಸಕರಾಗಿದ್ದದ್ದು ನಮ್ಮ ಮಾತುಕತೆಯಲ್ಲಿ ಬರುವುದೇ ಕಡಿಮೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲವೂ ಆಗ ಅದೇ ಪ್ರಾಂತದಲ್ಲಿದ್ದವು. ಆ ಸಭೆ ಕನ್ನಡಿಗರದ್ದೂ ಆಗಿತ್ತು.

ಕಥೆ ಶುರುವಾಗುವುದು 1923ರಲ್ಲಿ. ಆ ವರ್ಷದ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸೀತಾರಾಮ್ ಕೇಶವ್ ಬೋಲೆ ಎಂಬ ಸದಸ್ಯರು ಒಂದು ಠರಾವು ಮಂಡಿಸಿದರು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆಗಳಿಗೆ ಅಸ್ಪೃಶ್ಯರಿಗೂ ಪ್ರವೇಶ ಇರಬೇಕು ಎಂಬುದು ಅದರ ಸಾರ. ಠರಾವು ಪಾಸಾಯಿತು. ಸರಕಾರ ಆದೇಶವನ್ನೂ ಕಳಿಸಿತು. ಕೊಲಾಬಾ ಜಿಲ್ಲೆಯ ಮಹಾಡ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಬರೆದುಕೊಂಡಿತು. ಆದರೆ ಒಂದು ಕೊಡ ನೀರೂ ಆ ಠರಾವಿನಿಂದ ಮೇಲೆ ಬರಲಿಲ್ಲ.

ಬೋಲೆ ಠರಾವು ಪಾಸಾದ ವರ್ಷವೇ ಅಂಬೇಡ್ಕರ್ ಲಂಡನ್ನಿನಿಂದ ಬಂದು ಮುಂಬಯಿ ಹೈಕೋರ್ಟಿನ ವಕೀಲಿ ಸನದು ಪಡೆದರು. ಗ್ರೇಸ್ ಇನ್ನಿನ ಬ್ಯಾರಿಸ್ಟರ್, ಲಂಡನ್ ವಿಶ್ವವಿದ್ಯಾಲಯದ ಡಿಎಸ್‌ಸಿ, ಅಮೆರಿಕದ ಕೊಲಂಬಿಯಾದಲ್ಲಿ ಓದಿದವರು. ವಾಸ ಮಾತ್ರ ಪರೇಲದ ಗಿರಣಿ ಕಾರ್ಮಿಕರ ಚಾಳಿನಲ್ಲಿ, ಎರಡೇ ಕೋಣೆಗಳಲ್ಲಿ. ಹೈಕೋರ್ಟಿನಲ್ಲಿ ಬ್ಯಾರಿಸ್ಟರಿಗೆ ಕೇಸು ಕೊಡಬೇಕಾದವರು ಸಾಲಿಸಿಟರುಗಳು. ಅವರು ಈ ಬ್ಯಾರಿಸ್ಟರನ್ನು ದೂರವೇ ಇಟ್ಟರು. ಹಾಗಾಗಿ ತಾಲ್ಲೂಕು, ಜಿಲ್ಲಾ ಕೋರ್ಟುಗಳ ಸಣ್ಣಪುಟ್ಟ ಕೇಸುಗಳೇ ಅವರ ಪಾಲಿಗೆ ಬಂದವು. ಸಂಸಾರ ಸಾಗಿಸಲು ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. 1926ರಲ್ಲಿ ಪುಣೆಯಲ್ಲಿ ಬ್ರಾಹ್ಮಣೇತರ ನಾಯಕರಾದ ಕೇಶವರಾವ್ ಜೇಧೆ, ದಿನಕರರಾವ್ ಜವಳ್ಕರ್ ಮೊದಲಾದವರ ಮೇಲೆ ಹೂಡಿದ್ದ ಮಾನಹಾನಿ ಕೇಸು ಅವರ ಕೈಗೆ ಬಂತು. ಎದುರಿಗಿದ್ದವರು ಪುಣೆಯ ಹೆಸರಾಂತ ವಕೀಲ ಎಲ್. ಬಿ. ಭೋಪಟ್ಕರ್. ಅಂಬೇಡ್ಕರ್ ಕೇಸು ಗೆದ್ದರು, ಹೆಸರೂ ಬಂತು.

ಅದೇ ವರ್ಷದ ಕೊನೆಗೆ ಗವರ್ನರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ದಲಿತರಿಗೆ ಆಗ ಚುನಾಯಿತ ಸ್ಥಾನಗಳಿರಲಿಲ್ಲ, ನಾಮಕರಣವೊಂದೇ ದಾರಿ.

ನಾಮಕರಣದ ಸದಸ್ಯರು ಸರಕಾರದ ಮುಖ ನೋಡಿ ಮಾತಾಡುವುದು ಸಾಮಾನ್ಯ. ಅಂಬೇಡ್ಕರ್ ಬಜೆಟ್ಟಿನ ಪುಟಗಳನ್ನು ನೋಡಿ ಮಾತಾಡಿದರು. 1927ರ ಮಾರ್ಚ್ 12ರಂದು ಶಿಕ್ಷಣದ ಅನುದಾನದ ಮೇಲೆ ಅವರು ಇಟ್ಟ ಲೆಕ್ಕ ಇದು: ಸರಕಾರ ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು ಮಾಡುತ್ತಿದೆ, ಅದೇ ಜನರಿಂದ ಅಬಕಾರಿ ತೆರಿಗೆಯಾಗಿ ತಲೆಗೆ 2 ರೂಪಾಯಿ 2 ಆಣೆ 9 ಪೈ ಎತ್ತುತ್ತಿದೆ. ಹೆಂಡದಿಂದ ಎತ್ತಿದಷ್ಟಾದರೂ ಶಾಲೆಗೆ ಕೊಡಿ ಎಂದರು. ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ಇಯತ್ತೆ ಮುಟ್ಟುವವರು 18 ಮಾತ್ರ ಎಂಬುದನ್ನೂ ಸಭೆಯ ಮುಂದಿಟ್ಟರು. ಅರ್ಥಶಾಸ್ತ್ರಜ್ಞನ ಅಂಕಿ, ವಕೀಲನ ಬಿಗಿ, ಚಾಳಿನಲ್ಲಿ ಬದುಕಿದವನ ನೋವು ಮೂರೂ ಬೆರೆತ ಮಾತು ಅದು.

ಆ ಭಾಷಣ ಆಗಿ ಎಂಟೇ ದಿನಕ್ಕೆ, ಮಾರ್ಚ್ 20ರಂದು, ಈ ವಿಧಾನ ಪರಿಷತ್ ಸದಸ್ಯರು ಸಾವಿರಾರು ಜನರ ಜೊತೆ ಮಹಾಡದ ಬೀದಿಯಲ್ಲಿ ನಡೆದು ಹೋಗಿ ಚವದಾರ ಕೆರೆಯ ಮೆಟ್ಟಿಲಿಳಿದರು. ಬೊಗಸೆಯಲ್ಲಿ ನೀರು ಕುಡಿದರು. ಶಾಸನಸಭೆಯ ಠರಾವನ್ನು ನಾಲ್ಕು ವರ್ಷಗಳ ಬಳಿಕ ಕೆರೆಯವರೆಗೆ ನಡೆಸಿಕೊಂಡು ಹೋದದ್ದು ಎಂದರೂ ಸರಿಯೇ. ಇನ್ನು ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಪುಕಾರು ಹಬ್ಬಿ, ಊಟಕ್ಕೆ ಕೂತಿದ್ದ ಜನರ ಮೇಲೆ ದೊಣ್ಣೆಗಳು ಬಿದ್ದವು. ಆಮೇಲೆ 108 ಕೊಡ ನೀರು ಎತ್ತಿ, ಸಗಣಿ, ಗೋಮೂತ್ರ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಲಾಯಿತು. ಆಗಸ್ಟಿನಲ್ಲಿ ಪುರಸಭೆ ತನ್ನ ಹಳೆಯ ಠರಾವನ್ನೇ ಹಿಂತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಎಂದು ಗೊತ್ತಾಯಿತು. ಎದುರಾಳಿಗಳು ಈ ಸಲ ಕೋರ್ಟಿಗೆ ಹೋದರು. ಕೆರೆ ಖಾಸಗಿಯದು, ಅಸ್ಪೃಶ್ಯರು ಅದನ್ನು ಮುಟ್ಟದಿರುವುದು ಅನಾದಿಕಾಲದ ರೂಢಿ ಎಂದು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಸೇರಿದ್ದ ಸಾವಿರಾರು ಜನ ಜೈಲಿಗೆ ಹೋಗಲೂ ಸಿದ್ಧರಿದ್ದರು. ಅಂಬೇಡ್ಕರ್ ಅವರನ್ನು ತಡೆದರು. ಮನುಸ್ಮೃತಿಯನ್ನು ಸುಟ್ಟರು, ಆದರೆ ಕೋರ್ಟಿನ ಆಜ್ಞೆಯನ್ನು ಮೀರಲಿಲ್ಲ. ಅವರ ಬದುಕಿನ ಅತ್ಯಂತ ಕಠಿಣ ನಿರ್ಧಾರಗಳಲ್ಲಿ ಇದೂ ಒಂದು ಎಂದು ಈ ಲೇಖಕನ ಭಾವನೆ. ಸಿಟ್ಟಿನಲ್ಲಿದ್ದ ಜನಸ್ತೋಮಕ್ಕೆ 'ಕಾಯಿರಿ' ಎನ್ನುವುದು ಸುಲಭದ ಮಾತಲ್ಲ. ಆ ಕಾಯುವಿಕೆ ಸುಮಾರು ಹತ್ತು ವರ್ಷ ಹಿಡಿಯಿತು.

ಈ ನಡುವೆ ಶಾಸನಸಭೆಯಲ್ಲಿ ಅವರು ಕೈ ಹಾಕಿದ್ದು ವತನಕ್ಕೆ, ಅಂದರೆ ವಂಶಪಾರಂಪರ್ಯದ ಊರ ಚಾಕರಿಗೆ. ಉತ್ತರ ಕರ್ನಾಟಕದ ಹಿರಿಯರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಗೌಡಕಿ, ಕುಲಕರ್ಣಿಕಿ ಮೇಲಿನ ವತನಗಳಾದರೆ, ಅಸ್ಪೃಶ್ಯರೆನಿಸಿದ್ದ ಮಹಾರರದು ಕೆಳಗಿನ ವತನ. ಒಂದಿಷ್ಟು ಇನಾಮು ಭೂಮಿ, ಸುಗ್ಗಿಯಲ್ಲಿ ರೈತರು ಕೊಡುವ ಆಯದ ಕಾಳು. ಅದರ ಬದಲಿಗೆ ಸರಕಾರಿ ಅಧಿಕಾರಿ ಹಗಲು ಕರೆದರೂ, ರಾತ್ರಿ ಕರೆದರೂ ಓಡಬೇಕು. ವತನದಾರ ಮನೆಯಲ್ಲಿ ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. ಈ ಚಾಕರಿಗೆ 1874ರ ಕಾನೂನಿನ ಬೆಂಬಲವಿತ್ತು. 1928ರ ಮಾರ್ಚ್ 19ರಂದು ಅಂಬೇಡ್ಕರ್ ಆ ಕಾನೂನಿಗೆ ತಿದ್ದುಪಡಿ ಮಸೂದೆ ತಂದರು. ಆಯದ ಬದಲು ನಗದು ಸಿಗಲಿ, ಪೂರ್ತಿ ಕಂದಾಯ ಕಟ್ಟಲೊಪ್ಪಿದವರಿಗೆ ಭೂಮಿ ಉಳಿದು ಚಾಕರಿ ತಪ್ಪಲಿ ಎಂಬುದು ಅದರ ಉದ್ದೇಶ. ಮಸೂದೆ ಆಯ್ಕೆ ಸಮಿತಿಗೆ ಹೋಗಿ ಸತ್ವ ಕಳೆದುಕೊಂಡು ಬಂತು. 1929ರ ಜುಲೈಯಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು. ಆ ವರ್ಷವೇ ಜಾರಿಗೆ ಬಂದ ಮುಂಬಯಿಯ ಹೆರಿಗೆ ಸೌಲಭ್ಯ ಕಾಯ್ದೆಗೆ ಅವರ ಗಟ್ಟಿ ಬೆಂಬಲವಿತ್ತು. ದೇಶದಲ್ಲಿ ಅಂಥ ಕಾಯ್ದೆ ಅದೇ ಮೊದಲು.

1929ರಲ್ಲೇ ಇನ್ನೊಂದು ಘಟನೆ. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಅವರು ಖಾನದೇಶದಲ್ಲಿ ಓಡಾಡುತ್ತಿದ್ದರು. ಚಾಳೀಸ್‌ಗಾಂವ್ ಸ್ಟೇಶನ್ನಿನಲ್ಲಿ ಇಳಿದರೆ ಮಹಾರವಾಡೆಗೆ ಕರೆದೊಯ್ಯಲು ಟಾಂಗಾವಾಲಾಗಳು ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯುವುದು ತಮ್ಮ ಮರ್ಯಾದೆಗೆ ಕಡಿಮೆ ಎಂಬುದು ಅವರ ನಿಲುವು. ಸಾಹೇಬರನ್ನು ನಡೆಸಿಕೊಂಡು ಹೋಗುವುದು ಊರವರಿಗೂ ಸರಿ ಕಾಣಲಿಲ್ಲ. ಒಂದು ಗಂಟೆ ಕಾದ ಮೇಲೆ ರಾಜಿಯಾಯಿತು: ಟಾಂಗಾ ಬಾಡಿಗೆಗೆ ಕೊಡುತ್ತೇವೆ, ನಿಮ್ಮವರೇ ಹೊಡೆದುಕೊಳ್ಳಿ. ಹೊಡೆಯಲು ಕೂತವರಿಗೆ ಅಭ್ಯಾಸವಿರಲಿಲ್ಲ. ಮೋರಿಯ ಹತ್ತಿರ ಟಾಂಗಾ ಡಿಕ್ಕಿ ಹೊಡೆದು ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದರು. ಕುದುರೆ ಗಾಡಿ ಸಮೇತ ಹೊಳೆಗೆ ಉರುಳಿತು. ಅಂಬೇಡ್ಕರರ ಕಾಲು ಮುರಿಯಿತು. ಒಬ್ಬ ಬ್ಯಾರಿಸ್ಟರಿಗಿಂತ ತಾನೇ ಮೇಲೆಂದು ಟಾಂಗಾ ಹೊಡೆಯುವವನೂ ತಿಳಿಯಬಲ್ಲ ಎಂಬುದನ್ನು ಆ ದಿನ ಕಂಡೆ ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ.

ದುಂಡು ಮೇಜಿನ ಪರಿಷತ್ತು, ಪುಣೆ ಒಪ್ಪಂದ ಎಲ್ಲರೂ ಓದಿದ ಇತಿಹಾಸ. ಅದರ ಫಲವಾಗಿ 1937ರ ಚುನಾವಣೆಯಲ್ಲಿ ಮುಂಬಯಿ ಪ್ರಾಂತದಲ್ಲಿ ದಲಿತರಿಗೆ 15 ಮೀಸಲು ಸ್ಥಾನಗಳು ದಕ್ಕಿದವು. ಹಿಂದಿನ ಆಗಸ್ಟಿನಲ್ಲಷ್ಟೇ ಕಟ್ಟಿದ್ದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಅಂಬೇಡ್ಕರ್ 17 ಅಭ್ಯರ್ಥಿಗಳನ್ನು ನಿಲ್ಲಿಸಿ 14 ಸ್ಥಾನ ಗೆದ್ದರು. ಮುಂಬಯಿಯಲ್ಲಿ ಅವರ ಎದುರು ಕಾಂಗ್ರೆಸ್ಸಿನಿಂದ ನಿಂತವರು ಪಳವಣಕರ್ ಬಾಳೂ, ಭಾರತ ಕಂಡ ಮೊದಲ ದೊಡ್ಡ ಸ್ಪಿನ್ ಬೌಲರ್. ಅವರೂ ದಲಿತರೇ, ಒಂದು ಕಾಲಕ್ಕೆ ಅಂಬೇಡ್ಕರ್ ಮೆಚ್ಚಿದ್ದ ಆಟಗಾರ. ಅಂಬೇಡ್ಕರ್ 13,245 ಮತ, ಬಾಳೂ 11,225 ಮತ ಪಡೆದರು.

ಗೆದ್ದವರಲ್ಲಿ ಬೆಳಗಾವಿ ಜಿಲ್ಲೆಯ ಬಳವಂತರಾವ್ ವರಾಳೆ ಇದ್ದರು. ಅದೇ ಜಿಲ್ಲೆಯ ನಿಪ್ಪಾಣಿಗೂ ಅಂಬೇಡ್ಕರರಿಗೂ 1925ರಿಂದ ನಂಟು. ಆ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಪ್ರಾಂತೀಯ ಬಹಿಷ್ಕೃತ ಪರಿಷತ್ತಿಗೆ ಅವರು ಬಂದಿದ್ದರು. ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಅವರು ತೆರೆಸಿದ ವಸತಿಗೃಹವನ್ನು ನೋಡಿಕೊಂಡವರು ಇದೇ ವರಾಳೆ. ಅವರ ಮೊಮ್ಮಗ ಪ್ರಸನ್ನ ಬಿ. ವರಾಳೆ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ಮುಂದೆ ಸುಪ್ರೀಂ ಕೋರ್ಟಿಗೆ ಹೋದರು.

ಚುನಾವಣೆ ಮುಗಿದ ಮರು ತಿಂಗಳೇ, 1937ರ ಮಾರ್ಚ್ 17ರಂದು, ಮಹಾಡದ ತೀರ್ಪು ಬಂತು. ಮಹಾಡ, ಠಾಣೆ ದಾಟಿ ಹೈಕೋರ್ಟಿಗೆ ಬಂದಿದ್ದ ಮೇಲ್ಮನವಿ ಅದು. ಪೀಠದಲ್ಲಿದ್ದ ಬ್ರೂಮ್‌ಫೀಲ್ಡ್, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶರು. ಅಂಬೇಡ್ಕರರಿಗೆ ಗೆಲುವಾಯಿತು. ಆದರೆ ಗೆಲುವಿನ ಕಾರಣವನ್ನು ಗಮನಿಸಬೇಕು. ಮನುಷ್ಯರೆಲ್ಲ ಸಮಾನರು, ಆದ್ದರಿಂದ ಕೆರೆ ಎಲ್ಲರದು ಎಂದು ಕೋರ್ಟು ಹೇಳಲಿಲ್ಲ. ಅನಾದಿಕಾಲದ ರೂಢಿ ಎಂಬುದನ್ನು ವಾದಿಗಳು ಸಾಬೀತು ಮಾಡಲಿಲ್ಲ ಎಂದಿತು. ಒಂದು ವೇಳೆ ಸಾಬೀತು ಮಾಡಿದ್ದರೆ? ಅಂದಿನ ಕಾನೂನಿನಲ್ಲಿ ರೂಢಿಗೂ ಬೆಲೆಯಿತ್ತು. ಕಾನೂನು ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಪ್ರತಿವಾದಿ ಅಂಬೇಡ್ಕರರಿಗೆ ಇದು ತಿಳಿಯದ ಸಂಗತಿಯಲ್ಲ.

ಮುಂದಿನ ಎರಡು ವರ್ಷ ಅವರು ವಿರೋಧ ಪಕ್ಷದ ಬೆಂಚಿನಲ್ಲಿ ಕೂತರು. ಕೊಂಕಣದ ಗೇಣಿದಾರರನ್ನು ಹಿಂಡುತ್ತಿದ್ದ ಖೋತಿ ಪದ್ಧತಿ ರದ್ದಾಗಬೇಕೆಂದು ಮಸೂದೆ ತಂದರು, ಅದು ಪಾಸಾಗಲಿಲ್ಲ. ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆಯನ್ನು ಸಭೆಯಲ್ಲಿ ವಿರೋಧಿಸಿ, 1938ರ ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆಗೂಡಿ ಮುಂಬಯಿ ಗಿರಣಿಗಳಲ್ಲಿ ಒಂದು ದಿನದ ಮುಷ್ಕರ ನಡೆಸಿದರು.

ಕನ್ನಡಿಗರು ಅರಿತಿರಬೇಕಾದ ಚರ್ಚೆ 1938ರ ಏಪ್ರಿಲ್ 4ರದು. ಪ್ರತ್ಯೇಕ ಕರ್ನಾಟಕ ಪ್ರಾಂತ ಬೇಕೆಂಬ ಠರಾವು ಸಭೆಯ ಮುಂದಿತ್ತು. ಅಂಬೇಡ್ಕರ್ ವಿರೋಧಿಸಿದರು. ಮೊದಲು ಭಾರತೀಯರು, ಕೊನೆಗೂ ಭಾರತೀಯರು ಎಂಬ ಅವರ ಮಾತನ್ನು ಇಂದು ಎಲ್ಲೆಡೆ ಉದ್ಧರಿಸುತ್ತಾರೆ. ಅದು ಕರ್ನಾಟಕದ ಏಕೀಕರಣದ ಬೇಡಿಕೆಗೆ ಎದುರಾಗಿ ಆಡಿದ ಮಾತೆಂದು ತಿಳಿದವರು ಕಡಿಮೆ. ನೋಯಿಸುವ ಸಂಗತಿಯಾದರೂ ಮುಚ್ಚಿಡುವಂಥದ್ದಲ್ಲ. ಮುಂದೆ 1955ರಲ್ಲಿ, ಒಂದು ರಾಜ್ಯಕ್ಕೆ ಒಂದೇ ಭಾಷೆ ಇರಬೇಕು ಎಂಬುದನ್ನು ಅವರೇ ಒಪ್ಪಿ ಬರೆದರು. ಅದಕ್ಕೂ ಮೊದಲು, 1939ರ ಅಕ್ಟೋಬರಿನಲ್ಲಿ, ಮುಂಬಯಿಯ ಅದೇ ಸಭೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು: ತನ್ನ ಹಿತಕ್ಕಿಂತ ದೇಶ ದೊಡ್ಡದು, ಆದರೆ ದೇಶಕ್ಕೂ ಅಸ್ಪೃಶ್ಯರಿಗೂ ಹಿತದ ಘರ್ಷಣೆ ಬಂದರೆ ತಾನು ಅಸ್ಪೃಶ್ಯರ ಕಡೆ. ಎರಡನ್ನೂ ಒಟ್ಟಿಗೆ ಓದದೆ ಅವರನ್ನು ಅರ್ಥ ಮಾಡಿಕೊಳ್ಳಲಾಗದು.

ಕರಡು ಸಮಿತಿಯ ಅಧ್ಯಕ್ಷರಾಗಿ ಅವರು ದಿಲ್ಲಿಯಲ್ಲಿ ಕೂತಾಗ ಈ ಎಲ್ಲ ಅನುಭವ ಬೆನ್ನಿಗಿತ್ತು. ಬಾವಿ, ರಸ್ತೆಗಳ ಮಾತು ಅವರೊಬ್ಬರದೇ ಅಲ್ಲ. 1928ರ ನೆಹರೂ ವರದಿಯಲ್ಲೂ, 1931ರ ಕರಾಚಿ ಠರಾವಿನಲ್ಲೂ ಅವು ಇದ್ದವು. ಆದರೆ ಠರಾವಿನ ಮಾತು ಕೊಡಕ್ಕೆ ನೀರು ತುಂಬುವುದಿಲ್ಲ ಎಂದು ಕಣ್ಣಾರೆ ಕಂಡವರು ಅವರು. ಸಂವಿಧಾನದ 13ನೇ ವಿಧಿ ರೂಢಿಯನ್ನೂ 'ಕಾನೂನು' ಎಂದೇ ಎಣಿಸಿ, ಮೂಲಭೂತ ಹಕ್ಕಿಗೆ ವಿರುದ್ಧವಾದರೆ ಅಸಿಂಧು ಎನ್ನುತ್ತದೆ. ಮಹಾಡದ ವಾದಿಗಳು ಎತ್ತಿದ ವಾದ ಇನ್ನು ಯಾವ ಕೋರ್ಟಿನಲ್ಲೂ ನಿಲ್ಲದು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಹಕ್ಕಿಗೆ ಚ್ಯುತಿ ಬಂದರೆ ನೇರ ಸುಪ್ರೀಂ ಕೋರ್ಟಿಗೆ ಹೋಗಲು ದಾರಿ ಮಾಡಿದ 32ನೇ ವಿಧಿಯನ್ನು ಅವರು ಸಂವಿಧಾನದ ಆತ್ಮ, ಹೃದಯ ಎಂದು ಕರೆದರು.

ವತನದ ಹೋರಾಟಕ್ಕೆ ಇನ್ನೂ ಸಮಯ ಬೇಕಾಯಿತು. ಕರ್ನಾಟಕದಲ್ಲಿ ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನು ಅಳಿಸಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಅಂಬೇಡ್ಕರ್ ತೀರಿಕೊಂಡು ಆರು ವರ್ಷ ಕಳೆದಿತ್ತು. ಅವರು ಮುಂಬಯಿಯಲ್ಲಿ ಮಸೂದೆ ಮಂಡಿಸಿದ ದಿನದಿಂದ ಎಣಿಸಿದರೆ, 35 ವರ್ಷಕ್ಕೆ ಒಂದೂವರೆ ತಿಂಗಳು ಕಡಿಮೆ.